ಶ್ರೀರಂಗಪಟ್ಟಣದ ತೂಗುಕಮಾನು



ಮೈಸೂರು ನಗರಕ್ಕೆ ವಾಯವ್ಯದಲ್ಲಿ, ಹುಣಸೂರಿನ ಹೆದ್ದಾರಿಯ ಮೇಲಿರುವ ಈ ಇಲವಾಲ ಗ್ರಾಮವು ಎರಡು ಕಾರಣಗಳಿಂದ ಪ್ರಸಿದ್ಧಿಯನ್ನು ಪಡೆದಿರುವುದು. ಹಿಂದೆ ಮೈಸೂರು ಸಂಸ್ಥಾನದಲ್ಲಿದ್ದ ಆಂಗ್ಲ ರೆಸಿಡೆಂಟರಿಗೆ ಇಲ್ಲಿ ಒಂದು ಭವನವಿದ್ದಿತೆಂಬುದು ಮೊದಲನೆಯದು. ೧೯೫೭ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ವಿನೋಬಾ ಭಾವೆಯವರ ಗ್ರಾಮದಾನದ ವಿಚಾರವಾಗಿ ಇಲ್ಲಿ ನಡೆದ ಸಮ್ಮೇಳನಕ್ಕೆ ಪಂಡಿತ ಜವಾಹರಲಾಲ ನೆಹರೂ ಮೊದಲಾದವರು ಬಂದಿದ್ದರೆಂಬುದು ಎರಡನೆಯದು. ಮಹಾಪುರುಷರು ಬಂದುಹೋದ ಸ್ಥಳವನ್ನು ಊರವರು ನೆನೆಯುವುದು ಸಹಜವೇ ಸರಿ. ಆದರೆ ಯಾರೂ ಬಂದು ಸಭೆ ಸೇರದ, ಯಾವ ಉತ್ಸವವೂ ನಡೆಯದ ಕಟ್ಟಡಗಳ ಗತಿಯೇನು? ಅಂಥದೊಂದು ಕಟ್ಟಡವು ಇಲ್ಲಿಂದ ಬಹುದೂರವಲ್ಲದ ಶ್ರೀರಂಗಪಟ್ಟಣದಲ್ಲಿದ್ದಿತು. ಅದರ ಕಥೆಯೇ ಈ ಹೊತ್ತಿನ ವಿಷಯವು.

ಶ್ರೀರಂಗಪಟ್ಟಣಕ್ಕೆ ಹೋದ ಯಾತ್ರಿಕನು ರಂಗನಾಥಸ್ವಾಮಿಯ ದರ್ಶನವನ್ನು ಮಾಡುವನು; ದರಿಯಾ ದೌಲತ್ತಿನ ಭಿತ್ತಿಚಿತ್ರಗಳನ್ನು ನೋಡುವನು; ಗುಂಬಜನ್ನೂ ಕೋಟೆಯ ಸೆರೆಮನೆಗಳನ್ನೂ ಕಂಡು ಹಿಂದಿರುಗುವನು. ಒಂದಾನೊಂದು ಕಾಲದಲ್ಲಿ ಇವುಗಳೊಡನೆ ಒಂದು ಇಟ್ಟಿಗೆಯ ಕಮಾನನ್ನೂ ನೋಡುವ ವಾಡಿಕೆಯಿದ್ದಿತು. ಅದು ಯಾವ ಹೊಳೆಯ ಮೇಲೂ ಇರಲಿಲ್ಲ. ಯಾವ ದಾರಿಯನ್ನೂ ದಾಟಿಸುತ್ತಿರಲಿಲ್ಲ. ಯಾವ ಮನೆಯನ್ನೂ ಹೊತ್ತಿರಲಿಲ್ಲ. ತೋಟದ ನಡುವೆ ನೂರಡಿಗೂ ಮಿಕ್ಕ ಉದ್ದಕ್ಕೆ ಒಂದೇ ನೆಗೆತದಲ್ಲಿ ಚಾಚಿಕೊಂಡು, ನಡುವಿನಲ್ಲಿ ಸುಮಾರು ಹನ್ನೊಂದಡಿ ಮಾತ್ರ ಮೇಲೆದ್ದಿದ್ದ ಆ ಕಮಾನಿನ ನೆತ್ತಿಯಲ್ಲಿ ನಿಂತು ಒಬ್ಬನು ಕುಪ್ಪಳಿಸಿದರೆ ಸಮಸ್ತವೂ ಅದುರುತ್ತಿದ್ದಿತು. ಆದಕಾರಣ ಜನರು ಅದನ್ನು ತೂಗುವ ಕಮಾನೆಂದು ಕರೆದು, ಹತ್ತಿ ಕುಣಿದು, ನಕ್ಕು, ಇಳಿದು ಹೋಗುತ್ತಿದ್ದರು. ಅದೇಕೆ ಅಲ್ಲಿದೆಯೆಂದು ಕೇಳಿದವರು ವಿರಳ.

ಅದನ್ನು ಕಟ್ಟಿಸಿದವನು ಮದರಾಸು ಸೈನ್ಯದ ಇಂಜಿನಿಯರನಾದ ಥಾಮಸ್ ಫಿಯಟ್ ಡಿ ಹ್ಯಾವಿಲೆಂಡ್ ಎಂಬುವನು. ಕಾಲವು ೧೮೦೮ನೆಯ ಇಸವಿ. ಕಾವೇರಿಗೆ ಇಟ್ಟಿಗೆಯಿಂದಲೇ ವಿಶಾಲವಾದ ಐದು ಕಮಾನುಗಳ ಸೇತುವೆಯನ್ನು ಕಟ್ಟಬಹುದೆಂದು ಅವನು ಸೂಚಿಸಿದನು. ಅಷ್ಟು ಉದ್ದವಾದ, ಅಷ್ಟು ಚಪ್ಪಟೆಯಾದ ಕಮಾನು ನಿಲ್ಲಲಾರದೆಂದು ಬಲ್ಲವರು ಸಂಶಯಪಟ್ಟರು. ಡಿ ಹ್ಯಾವಿಲೆಂಡನು ವಾದಕ್ಕೆ ನಿಲ್ಲಲಿಲ್ಲ; ತಾನು ಹೇಳಿದ ಅಳತೆಯ ಒಂದು ಕಮಾನನ್ನು ತನ್ನ ತೋಟದಲ್ಲಿಯೇ ಕಟ್ಟಿ ನಿಲ್ಲಿಸಿದನು. ಹೀಗೆ ಆ ಕಟ್ಟಡವು ಸೇತುವೆಯಲ್ಲ, ಅಲಂಕಾರವಲ್ಲ, ಆಟದ ವಸ್ತುವೂ ಅಲ್ಲ. ಅದು ಇಟ್ಟಿಗೆ ಗಾರೆಗಳಲ್ಲಿ ಕೊಟ್ಟ ಒಂದು ಉತ್ತರವಾಗಿದ್ದಿತು.

ಸಂಶಯಪಟ್ಟವರು ಮೂಢರಾಗಿದ್ದರೆಂದು ತಿಳಿಯಬಾರದು. ಅದಕ್ಕೆ ನಾಲ್ಕು ವರ್ಷಗಳ ಮುಂಚೆ, ೧೮೦೪ರಲ್ಲಿ, ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಅದೇ ಪಟ್ಟಣದ ಹೊಳೆಗೆ ವೆಲ್ಲೆಸ್ಲಿ ಸೇತುವೆಯು ಕಟ್ಟಲ್ಪಟ್ಟಿದ್ದಿತು. ಅದರಲ್ಲಿ ಒಂದು ಕಮಾನೂ ಇಲ್ಲ. ಸಾಲುಸಾಲಾಗಿ ಕಲ್ಲಿನ ಕಂಬಗಳು, ಅವುಗಳ ತಲೆಯ ಮೇಲೆ ಕಲ್ಲಿನ ಬೋದಿಗೆಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ದೇವಸ್ಥಾನದ ಮಂಟಪವನ್ನೇ ಹೊಳೆಯೊಳಗೆ ಇಳಿಸಿದಂತೆ ಅದರ ರೂಪವು. ಈ ನಾಡಿನ ಶಿಲ್ಪಿಗಳು ಶತಮಾನಗಳಿಂದ ಬಲ್ಲ ಕ್ರಮವದು. ಕಲ್ಲಿನ ತೊಲೆಯು ಹೊರೆಯಿಂದ ಬಾಗಿದಾಗ ಕೆಳಮೈಯಲ್ಲಿ ಸೀಳುವುದಾದ್ದರಿಂದ ಅದನ್ನು ಹೆಚ್ಚು ಉದ್ದಕ್ಕೆ ಚಾಚಲಾಗದು. ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕು. ಆದರೆ ಒಂದು ಗುಣವುಂಟು: ಪ್ರತಿಯೊಂದು ಕಂಬವೂ ತನ್ನ ಭಾರವನ್ನು ನೇರವಾಗಿ ಕೆಳಕ್ಕೆ ಒಪ್ಪಿಸುವುದು, ನೆರೆಯ ಕಂಬವನ್ನು ತಳ್ಳುವುದಿಲ್ಲ.

ಕಮಾನಿನ ಧರ್ಮವೇ ಬೇರೆ. ಒಂದು ಬಿದಿರಿನ ಸೀಳನ್ನು ಬಗ್ಗಿಸಿ ಎರಡು ತುದಿಗಳನ್ನೂ ನೆಲಕ್ಕೂರಿ ನಡುವೆ ಅದುಮಿದರೆ ತುದಿಗಳು ಹೊರಕ್ಕೆ ಜಾರುವುವು. ಎರಡು ಕಡೆಯೂ ಗುಂಡುಕಲ್ಲನ್ನಿಟ್ಟರೆ ಸೀಳು ನಿಲ್ಲುವುದು. ಕಮಾನು ಎಷ್ಟು ಚಪ್ಪಟೆಯಾಗುವುದೋ ಅಷ್ಟು ಅದರ ನೂಕು ಹೆಚ್ಚುವುದು. ಉದ್ದದ ಹತ್ತನೆಯ ಒಂದು ಪಾಲಿನಷ್ಟೇ ಎತ್ತರವುಳ್ಳ ಕಮಾನಾದರೆ, ತನ್ನ ಒಟ್ಟು ತೂಕದ ಸುಮಾರು ಒಂದೂಕಾಲು ಪಟ್ಟು ಬಲದಿಂದ ಎರಡು ಬದಿಗೂ ನೂಕುತ್ತಿರುವುದೆಂದು ಗಣಿತವು ತಿಳಿಸುವುದು. ಈ ನೂಕನ್ನು ತಡೆಯುವ ಬುಡಗಳು ಅಲುಗದಿದ್ದರೆ ಕಮಾನು ನಿಲ್ಲುವುದು, ಅಲುಗಿದರೆ ಬೀಳುವುದು. ತೋಟದ ಕಮಾನು ನೆತ್ತಿಯಲ್ಲಿ ಅದುರಿದರೂ ತಲೆಮಾರುಗಳ ಕಾಲ ನಿಂತುದು ಬುಡಗಳು ಕದಲದ್ದರಿಂದಲೇ.

ಇಲ್ಲಿ ಒಂದು ಸೂಕ್ಷ್ಮವನ್ನು ವಿವೇಚಿಸಬೇಕಾಗಿದೆ. ಇಷ್ಟುದ್ದದ ಇಟ್ಟಿಗೆಯ ಕಮಾನು ನಿಲ್ಲಬಲ್ಲುದೆಂಬುದನ್ನು ತೋಟದ ಕಮಾನು ನಿಸ್ಸಂದೇಹವಾಗಿ ಸ್ಥಾಪಿಸಿತು. ಆದರೆ ಹೊಳೆಯಲ್ಲಿ ಐದು ಕಮಾನುಗಳು ಒಂದರ ಪಕ್ಕಕ್ಕೊಂದು ನಿಂತಾಗ ಒಂದರ ನೂಕನ್ನು ಇನ್ನೊಂದರ ನೂಕು ತಡೆದಿರುವುದು. ಪ್ರವಾಹದಲ್ಲಿ ಒಂದು ಕಮಾನು ಹೋದರೆ, ಉಳಿದ ನೂಕನ್ನು ನಡುಹೊಳೆಯ ಕಂಬವೊಂದೇ ತಾಳಬೇಕು. ತಾಳದಿದ್ದರೆ ಪಕ್ಕದ್ದೂ ಅದನ್ನೇ ಹಿಂಬಾಲಿಸುವುದು. ಒಣನೆಲದ ತೋಟದಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯುವಂತಿರಲಿಲ್ಲ. ಆದ್ದರಿಂದ ಎರಡು ಪಕ್ಷದವರಲ್ಲಿಯೂ ನ್ಯಾಯವಿದ್ದಿತು. ಆ ಐದು ಕಮಾನುಗಳ ಸೇತುವೆಯು ಕಟ್ಟಲ್ಪಡಲೇ ಇಲ್ಲ.

೧೮೦೯ರಲ್ಲಿ ಕಂಪನಿಯ ಸೇನಾಧಿಕಾರಿಗಳು ಮದರಾಸು ಸರ್ಕಾರದ ವಿರುದ್ಧ ದಂಗೆಯೆದ್ದಾಗ ಶ್ರೀರಂಗಪಟ್ಟಣದಲ್ಲಿ ಅವರೊಡನೆ ಸೇರಿದ ದೋಷಕ್ಕಾಗಿ ಡಿ ಹ್ಯಾವಿಲೆಂಡನು ಕೆಲಸವನ್ನು ಕಳೆದುಕೊಂಡು, ಕೆಲವು ವರ್ಷಗಳ ಮೇಲೆ ಮರಳಿ ಪಡೆದನು. ಮದರಾಸಿನಲ್ಲಿ ೧೮೨೧ರಲ್ಲಿ ಪೂರ್ತಿಯಾದ ಸಂತ ಆಂಡ್ರೂಸರ ದೇವಾಲಯವು ಅವನ ಕೃತಿಯೇ. ಅಲ್ಲಿಯ ನೆಲವು ಮೆತ್ತಗಿದ್ದುದರಿಂದ ಈ ದೇಶದವರು ಬಾವಿಗಳನ್ನಿಳಿಸುವ ಕ್ರಮದಲ್ಲಿಯೇ ಅನೇಕ ಬಾವಿಗಳನ್ನು ಇಳಿಸಿ, ಅವುಗಳ ಮೇಲೆ ಅಸ್ತಿಭಾರವನ್ನಿಟ್ಟು, ಮಹತ್ತಾದ ಇಟ್ಟಿಗೆಯ ಗುಮ್ಮಟವನ್ನು ನಿಲ್ಲಿಸಿದನು. ತೋಟದಲ್ಲಿ ಬುಡದ ಮಹತ್ತ್ವವನ್ನು ಕಂಡವನು ಅಲ್ಲಿಯೂ ಬುಡವನ್ನೇ ಮೊದಲು ಚಿಂತಿಸಿದನೆಂದರೆ ಸಲ್ಲುವುದು.

ತೋಟದ ಕಮಾನಾದರೋ ೧೯೩೦ರ ದಶಕದಲ್ಲಿ ಕುಸಿದುಬಿದ್ದಿತು. ನಿಲ್ಲಲಾರದೆನ್ನಿಸಿಕೊಂಡುದು ನೂರಿಪ್ಪತ್ತು ವರ್ಷಗಳಿಗೂ ಮೀರಿ ನಿಂತಿದ್ದಿತು. ಬಿಸಿಲು ಮಳೆಗಳನ್ನೂ, ಕುಪ್ಪಳಿಸಿದ ಸಾವಿರಾರು ಪಾದಗಳನ್ನೂ ಸಹಿಸಿದ ಆ ಉತ್ತರವನ್ನು ಜನರು ಉತ್ತರವೆಂದು ಓದಲಿಲ್ಲ, ಉಯ್ಯಾಲೆಯೆಂದು ಏರಿದರು. ಕಂಬಗಳ ಸೇತುವೆಯು ಉಪಯೋಗಕ್ಕೆ ಬಂದುದರಿಂದ ಅದರ ಹೆಸರು ಉಳಿಯಿತು. ಕಮಾನು ಉಪಯೋಗಕ್ಕೆ ಬಾರದ್ದರಿಂದ ಅದರ ಅರ್ಥವೂ ಅದರೊಡನೆಯೇ ಮಣ್ಣುಗೂಡುವುದರಲ್ಲಿದ್ದಿತು.

ಈ ಕಥೆಯು ಜಯಂತ್ಯುತ್ಸವದ ಸಂದರ್ಭದಲ್ಲಿ ಸ್ಮರಣೀಯವಾದುದು. ಏಕೆಂದರೆ ಉತ್ಸವವೆಂದೊಡನೆ ಜೀರ್ಣೋದ್ಧಾರದ ಮಾತು ಹುಟ್ಟುವುದು. ಹಳೆಯ ಮಠಗಳಲ್ಲಿ, ಊರಿನ ಬಾವಿ ಕೊಳಗಳಲ್ಲಿ, ಕಣಜದ ಮನೆಗಳಲ್ಲಿ ಪ್ರಯೋಜನವು ತಿಳಿಯದ ಕಮಾನುಗಳೂ ಗೂಡುಗಳೂ ಕಿಂಡಿಗಳೂ ಅದೆಷ್ಟೋ ಇರುವುವು. ಪ್ರಯೋಜನವು ತಿಳಿಯದೆಂಬುದು ಪ್ರಯೋಜನವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಅವುಗಳನ್ನು ಕೆಡಹುವುದಕ್ಕೆ ಮೊದಲು ಉದ್ದ, ಎತ್ತರ, ದಪ್ಪಗಳನ್ನು ಅಳೆದು, ಇಟ್ಟಿಗೆ ಗಾರೆಗಳ ಗುಣವನ್ನು ಗುರುತಿಸಿ, ವೃದ್ಧರಾದ ಗಾರೆಯವರನ್ನು ವಿಚಾರಿಸಿ, ಬರೆದಿಡುವುದು ಕರ್ತವ್ಯವು. ದುರಸ್ತು ಮಾಡುವಲ್ಲಿಯೂ ನೆತ್ತಿಯ ಬಿರುಕನ್ನು ಮುಚ್ಚುವುದಕ್ಕೆ ಮುನ್ನ ಬುಡವು ಸರಿದಿದೆಯೋ, ಅರಳಿಯ ಬೇರು ಸಂದಿಗೆ ಇಳಿದಿದೆಯೋ ಎಂದು ಪರೀಕ್ಷಿಸಬೇಕು. ಹಳೆಯ ಸುಣ್ಣದ ಗಾರೆಯ ಮೇಲೆ ಸಿಮೆಂಟನ್ನು ಬಳಿದರೆ ಗೋಡೆಯ ತೇವವು ಹೊರಬರಲಾರದೆ ಇಟ್ಟಿಗೆಯೇ ಪುಡಿಯಾಗುವುದೆಂಬುದೂ ನೆನಪಿನಲ್ಲಿರಬೇಕು.

ಕಟ್ಟಿದವನು ಪರದೇಶೀಯನಾಗಿರಲಿ ಸ್ವದೇಶೀಯನಾಗಿರಲಿ, ಕೈಕೆಲಸದ ಹಿಂದೆ ಒಂದು ವಿಚಾರವುಂಟು. ಕಟ್ಟಡವು ಬಿದ್ದರೆ ಮತ್ತೆ ಕಟ್ಟಬಹುದು. ವಿಚಾರವು ಮರೆತುಹೋದರೆ ಏನನ್ನು ಕಟ್ಟಬೇಕೆಂಬುದೇ ತಿಳಿಯದು. ಭಕ್ತರೆಲ್ಲರೂ ಅವರವರ ಊರಿನ ಹಳೆಯ ಗೋಡೆಯ ಮುಂದೆ ಒಂದು ಕ್ಷಣ ನಿಂತು, ಇದು ಹೀಗೇಕಿದೆಯೆಂದು ಕೇಳುವಂಥವರಾಗಲಿ.

ಸರ್ವರಿಗೂ ಮಂಗಳವಾಗಲಿ.