ಹಳೆಯದರ ಬೆಲೆ ಯಾರ ಪಾಲಿಗೆ?

(ಗುರುಗುಂಟಾದಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗುರುಗುಂಟಾಕ್ಕೆ ನಾನು ಮೊದಲು ಬಂದದ್ದು ಭಾಷಣಕ್ಕಲ್ಲ, ಅಮರೇಶ್ವರನ ಜಾತ್ರೆಗೆ. ಎತ್ತಿನ ಗಾಡಿಯಲ್ಲಿ ನಮ್ಮ ಅಜ್ಜಿ ಒಂದು ಕೌದಿ ಹಾಸಿದ್ದಳು. ಆ ಕೌದಿಯೊಳಗೆ ಅವಳ ಮೂರು ಇಳಕಲ್ಲ ಸೀರೆ, ಅಜ್ಜನ ಎರಡು ಧೋತರ, ಯಾವ ಮಗನದೊ ಒಂದು ಹರಕು ಅಂಗಿ ಸೇರಿದ್ದವು. ಇಡೀ ಕೌದಿಯಲ್ಲಿ ಹೊಸದೆಂಬುದು ದಾರವೊಂದೇ. ಹೊಲಿದವಳು ಓಣಿ ಓಣಿ ತಿರುಗುವ ಒಬ್ಬ ಹೆಣ್ಣುಮಗಳು. ಎಂಟು ದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಹೊಲಿದಳು. ಅವಳಿಗೆ ಸಿಕ್ಕಿದ್ದು ಎರಡು ಹೊತ್ತಿನ ಊಟ, ನಾಲ್ಕು ಸೇರು ಜೋಳ, ಒಂದು ಹಳೆಯ ಕುಪ್ಪಸ. ಕೌದಿ ಮೂವತ್ತು ವರ್ಷ ಬಾಳಿತು. ಅವಳ ಜೋಳ ಎಷ್ಟು ದಿನ ಬಂತೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಹಳೆಯ ಸಾಮಾನನ್ನು ಕೂಡಿಸಿ, ದುರಸ್ತಿ ಮಾಡಿ, ಮತ್ತೆ ಬಳಕೆಗೆ ತರುವ ಒಂದು ಜನಸಂಸ್ಥೆಯನ್ನು ನಮ್ಮಲ್ಲಿ ಕಟ್ಟಬಹುದೆ ಎಂದು ನೀವು ಕೇಳಿದ್ದೀರಿ. ನನ್ನ ಉತ್ತರವೆಲ್ಲ ಆ ಹೆಣ್ಣುಮಗಳ ಜೋಳದ ಸುತ್ತಲೇ ಇದೆ. ಮರುಬಳಕೆ ಎಂಬ ಮಾತನ್ನು ದೊಡ್ಡ ಪಟ್ಟಣಗಳಲ್ಲಿ ಈಗ ಹೊಸ ಧರ್ಮದಂತೆ ಬೋಧಿಸುತ್ತಾರೆ. ನಮ್ಮ ಬಡವನಿಗೆ ಅದನ್ನು ಹೇಳಹೊರಟರೆ ಮೀನಿಗೆ ಈಜು ಕಲಿಸಿದ ಹಾಗೆ. ಹಳೆಯದನ್ನು ಎಸೆಯಬಾರದೆಂಬುದು ನಮ್ಮ ತಾಯಂದಿರಿಗೆ ಗೊತ್ತಿತ್ತು. ಹಳೆಯದರಿಂದ ಹುಟ್ಟುವ ಹೊಸ ಬೆಲೆ ಯಾರ ಉಡಿಗೆ ಬೀಳಬೇಕೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ನಾನೇನು ಸನ್ಯಾಸಿಯಲ್ಲ. ಹನ್ನೆರಡು ವರ್ಷ ಚೀಲದ ವ್ಯಾಪಾರ ಮಾಡಿದವನು. ಸಿಂಧನೂರಿನ ಕಡೆಯ ಅಕ್ಕಿ ಗಿರಣಿಗಳಲ್ಲಿ ದುಡಿಯುವವರು ಇಲ್ಲಿ ಕುಳಿತಿದ್ದೀರಿ, ಗೋಣಿಚೀಲದ ಆಯುಷ್ಯ ನಿಮಗೆ ನಾನು ಹೇಳಬೇಕಾಗಿಲ್ಲ. ಒಮ್ಮೆ ಅಕ್ಕಿ ತುಂಬಿದ ಚೀಲ ಮತ್ತೆ ಬತ್ತಕ್ಕೆ ಬರುತ್ತದೆ, ತೂತು ಬಿದ್ದರೆ ತೇಪೆ ಹಾಕಿಸಿಕೊಂಡು ಹೊಟ್ಟಿಗೆ ಹೋಗುತ್ತದೆ, ಕೊನೆಗೆ ದನದ ಬೆನ್ನ ಮೇಲೋ ಬಾಗಿಲಿನ ಮುಂದೋ ಸವೆಯುತ್ತದೆ. ಮನೆಮನೆ ತಿರುಗಿ ಚೀಲ ತರುತ್ತಿದ್ದ ಒಬ್ಬ ಮುದುಕಿಯಿಂದ ನಾನು ಕೊಳ್ಳುತ್ತಿದ್ದೆ. ಬೆರಳು ತೂರುವಷ್ಟು ತೂತಿದ್ದರೂ ಸಾಕು, ಅರ್ಧ ಬೆಲೆ ಎನ್ನುತ್ತಿದ್ದೆ. ಅದೇ ಚೀಲಕ್ಕೆ ಒಂದು ತೇಪೆ ಹಾಕಿಸಿ ಪೂರ್ಣ ಬೆಲೆಗೆ ಮಾರುತ್ತಿದ್ದೆ. ಅದನ್ನು ವ್ಯಾಪಾರವೆಂದು ತಿಳಿದಿದ್ದೆ. ಒಂದು ದಿನ ಮುದುಕಿ ಸೂಜಿ ದಾರ ತಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆಯೇ ಕುಳಿತು ಹೊಲಿದು, ‘ಈಗ ಎಷ್ಟು ಕೊಡ್ತೀಯಪ್ಪಾ?’ ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಆ ದಿನ ಪೂರ್ಣ ಬೆಲೆ ಕೊಟ್ಟೆ, ಮರುದಿನ ಮತ್ತೆ ಅರ್ಧವೇ ಕೊಟ್ಟೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ವ್ಯಾಪಾರಿಗಳ ಮುಂದೆ ಮಾತನಾಡುವವನು ತನ್ನ ತಕ್ಕಡಿಯನ್ನು ಮೊದಲು ತೋರಿಸಬೇಕು.

ಚೀಲದ ಮಾತು ಬಿಡಿ, ಕೂದಲನ್ನು ನೋಡಿ. ಪಕ್ಕದ ಕೊಪ್ಪಳದ ಭಾಗ್ಯನಗರ ದೂರವೇನಲ್ಲ. ಹೆಣ್ಣುಮಕ್ಕಳ ಬಾಚಣಿಗೆಯಲ್ಲಿ ಉಳಿದ ಕೂದಲು, ನಾವು ಅಪಶಕುನವೆಂದು ಮೂಲೆಗೆ ಎಸೆಯುವ ಕೂದಲು, ಆ ಊರಿಗೆ ದೇಶದ ನಾನಾ ಕಡೆಯಿಂದ ಬಂದು ಬೀಳುತ್ತದೆ. ಸಿಕ್ಕು ಬಿಡಿಸಿ, ತೊಳೆದು, ಉದ್ದ ನೋಡಿ ಕಟ್ಟು ಕಟ್ಟಿ ಸಮುದ್ರದಾಚೆ ಕಳಿಸುತ್ತಾರೆ. ಅಲ್ಲಿ ಅದು ಕೃತಕ ಜಡೆಯಾಗಿ ಯಾರದೋ ತಲೆಗೇರುತ್ತದೆ. ಕಚ್ಚಾ ಕೂದಲಿನ ರಫ್ತಿಗೆ ಕೇಂದ್ರ ಸರಕಾರ 2022ರ ಜನವರಿಯಲ್ಲಿ ನಿರ್ಬಂಧ ಹಾಕಿತೆಂದರೆ ಆ ವ್ಯಾಪಾರದ ಗಾತ್ರವನ್ನು ನೀವೇ ಊಹಿಸಿ. ಬೀದಿಯಲ್ಲಿ ಕೂಗುತ್ತ ಹೋಗಿ ಒಂದು ಪಿನ್ನಿಗೋ ಸಣ್ಣ ಪಾತ್ರೆಗೋ ಅದನ್ನು ಕೂಡಿಸಿದವಳಿಗೆ, ಕಣ್ಣು ಕಿರಿದು ಮಾಡಿ ಸಿಕ್ಕು ಬಿಡಿಸಿದವಳಿಗೆ, ಆ ಬೆಲೆಯಲ್ಲಿ ಎಷ್ಟು ಪಾಲು?

ಕಸವೆಂಬ ಶಬ್ದದಲ್ಲೇ ಒಂದು ಮೋಸವಿದೆ, ಸಂಗಾತಿಗಳೆ. ನಮ್ಮ ತಾಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ ಇದೆ, ಆದ್ದರಿಂದ ಈ ಮಾತು ನಿಮಗೆ ಬೇಗ ತಿಳಿಯುತ್ತದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೆಗೆದು ಬಿಸಾಡಿದ ಮಣ್ಣು ಗುಡ್ಡಗುಡ್ಡವಾಗಿ ಅಲ್ಲೇ ನಿಂತಿತು. ಗಾಳಿ ಬಂದಾಗ ಆ ಧೂಳನ್ನು ಕುಡಿದವರು ಕೂಲಿಕಾರರ ಮಕ್ಕಳು. 2024ರ ಜೂನ್‌ನಲ್ಲಿ ಆ ಹದಿಮೂರು ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವುದಕ್ಕೆ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆ ಮಣ್ಣನ್ನು ಈಗ ಯಾರೂ ಕಸವೆನ್ನುವುದಿಲ್ಲ, ಸಂಪತ್ತು ಎನ್ನುತ್ತಾರೆ. ದೊಡ್ಡವರು ಕೈಹಾಕಿದರೆ ಕಸವೂ ಸಂಪತ್ತು, ಬಡವಿ ಕೈಹಾಕಿದರೆ ಸಂಪತ್ತೂ ಕಸ, ಅವಳೂ ಕಸದವಳು!

ಈ ಹೆಸರನ್ನು ಒಪ್ಪದವರು ಪುಣೆಯಲ್ಲಿ ಎದ್ದು ನಿಂತರು. 1993ರಲ್ಲಿ ಅಲ್ಲಿ ಚಿಂದಿ ಆಯುವವರು, ಬಹುತೇಕ ದಲಿತ ಹೆಣ್ಣುಮಕ್ಕಳು, ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘ ಕಟ್ಟಿದರು. ಬೆನ್ನಿಗೆ ನಿಂತವರು ಬಾಬಾ ಆಢಾವ. ಹಮಾಲರ ಪಂಚಾಯತಿ ಕಟ್ಟಿದವರು ಅವರು. ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಬೆನ್ನು ಕೊಟ್ಟ ಹಮಾಲರು ಇಲ್ಲಿದ್ದರೆ ಅವರಿಗೆ ಈ ಸಂಬಂಧ ಸಹಜವಾಗಿ ಕಾಣುತ್ತದೆ: ಮೂಟೆ ಹೊರುವವನ ಲೆಕ್ಕವೂ ಚಿಂದಿ ಹೊರುವವಳ ಲೆಕ್ಕವೂ ಒಂದೇ ತಕ್ಕಡಿಯಲ್ಲಿ ಕಳೆಯುತ್ತದೆ.

ಆ ಹೆಣ್ಣುಮಕ್ಕಳು ಕೇಳಿದ್ದು ದಾನವನ್ನಲ್ಲ. ‘ನಾವು ಆಯ್ದುಕೊಂಡಷ್ಟು ಮಾಲನ್ನು ನಿಮ್ಮ ಲಾರಿ ಹೊರುವುದು ತಪ್ಪುತ್ತದೆ. ಆ ಉಳಿತಾಯದ ಲೆಕ್ಕ ತೆಗೆಯಿರಿ’ ಎಂದು ಪುಣೆಯ ಪಾಲಿಕೆಗೆ ಹೇಳಿದರು. ಲೆಕ್ಕ ಮುಂದಿಟ್ಟ ಮೇಲೆ ಗುರುತಿನ ಚೀಟಿ ಬಂತು, ಆರೋಗ್ಯ ವಿಮೆ ಬಂತು. 2008ರಲ್ಲಿ ‘ಸ್ವಚ್ಛ್’ ಎಂಬ ಅವರದೇ ಸಹಕಾರಿ ಸಂಸ್ಥೆ ಪಾಲಿಕೆಯೊಂದಿಗೆ ಕರಾರು ಮಾಡಿಕೊಂಡು ಮನೆಮನೆಯ ಕೆಲಸ ಹಿಡಿಯಿತು. ಮನೆಯವರು ತಿಂಗಳಿಗೆ ಇಷ್ಟೆಂದು ಕೊಡಬೇಕು, ಆಯ್ದ ಮಾಲಿನ ಹಣವೂ ಆಯ್ದವಳದೇ. ಅದೇ ಸಂಸ್ಥೆ ಮನೆಗಳಿಂದ ಹಳೆಯ ಬಟ್ಟೆ, ಪಾತ್ರೆ, ಆಟಿಕೆಗಳನ್ನು ಕೂಡಿಸಿ, ಬಳಸಲು ಬರುವುದನ್ನು ಬೇರೆ ಮಾಡಿ, ಕಡಿಮೆ ಬೆಲೆಗೆ ಮಾರುವ ಕೆಲಸವನ್ನೂ ಮಾಡಿತು. ನೀವು ಕೇಳುತ್ತಿರುವುದು ಹೆಚ್ಚುಕಡಿಮೆ ಇದನ್ನೇ.

ಆ ಗಾಳಿ ಬೆಂಗಳೂರಿಗೂ ಬಂತು. ಪುಣೆಯಲ್ಲಿ ಕೆಲಸ ಮಾಡಿದ ನಳಿನಿ ಶೇಖರ್ ಮತ್ತು ಅವರ ಜೊತೆಗಾರರಿಂದ ‘ಹಸಿರು ದಳ’ ಹುಟ್ಟಿತು. 2011ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡತೊಡಗಿತು. ಚೀಟಿಯಿಂದ ಹೊಟ್ಟೆ ತುಂಬುತ್ತದೆಯೆ ಎಂದು ನೀವು ನಗಬಹುದು. ಬೆಳಗಿನ ನಾಲ್ಕು ಗಂಟೆಗೆ ಹೆಗಲ ಮೇಲೆ ಚೀಲ ಹೊತ್ತು ಹೊರಟವನನ್ನು ಪೊಲೀಸರು ತಡೆದು ‘ಕಳ್ಳ’ ಎನ್ನುವ ಊರಿನಲ್ಲಿ ಆ ಚೀಟಿ ಊಟಕ್ಕಿಂತ ಮೊದಲಿನದು. ಮುಂದೆ ವಾರ್ಡುಗಳ ಒಣಕಸ ಕೇಂದ್ರಗಳನ್ನು ಆಯುವವರೇ ನಡೆಸುವಂತಾಯಿತು. ಅಂಥ ಕೇಂದ್ರ ನಡೆಸುತ್ತಿದ್ದವನೊಬ್ಬ 2015ರಲ್ಲಿ ಪ್ಯಾರಿಸಿನ ಹವಾಮಾನ ಸಮ್ಮೇಳನಕ್ಕೆ ಹೋಗಿಬಂದ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಚಿಂದಿ ಆಯುವವರ ಹೆಸರು ಬಂತು, ಅವರನ್ನು ವ್ಯವಸ್ಥೆಯೊಳಕ್ಕೆ ಸೇರಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಗಳ ಹೊಣೆಯಾಯಿತು. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಗುಳೆ ಹೋದವರ ಮನೆಗಳು ಈ ಸಭೆಯಲ್ಲೂ ಇವೆ. ಅಲ್ಲಿ ಹಕ್ಕು ಹುಟ್ಟಿದ ಕೆಲಸ ಇಲ್ಲಿ ಏತಕ್ಕೆ ಬರೀ ಹೀನಾಯವಾಗಿಯೇ ಉಳಿಯಬೇಕು?

ಎಲ್ಲ ಸುಖವಾಗಿ ನಡೆಯಿತೆಂದು ನಾನು ಹೇಳಲಾರೆ. 2020ರಲ್ಲಿ ಲಾಕ್‌ಡೌನ್ ಬಂದಾಗ ಗುಜರಿ ಅಂಗಡಿಗಳು ಮುಚ್ಚಿದವು, ಆಯ್ದ ಮಾಲಿಗೆ ಕೊಳ್ಳುವವರಿಲ್ಲದೆ ಹೋಯಿತು. ಕೂಲಿಯಿಲ್ಲದೆ ಬರೀ ಮಾಲಿನ ಬೆಲೆಯನ್ನೇ ನಂಬಿದವನಿಗೆ ಸಂಘವಿದ್ದರೂ ಕಷ್ಟ ಬಂದೇ ಬಂತು. ಆದ್ದರಿಂದ ನಾವು ಮಾಡುವ ಸಂಸ್ಥೆಯಲ್ಲಿ ಕೂಡಿಸುವ ಕೆಲಸಕ್ಕೇ ಬೇರೆ ಕೂಲಿ ಇರಬೇಕು.

ಇಲ್ಲೊಂದು ಕಠಿಣ ಪ್ರಶ್ನೆ ಇದೆ. ನಿನ್ನೆ ಸಂಜೆ ಗುಜರಿ ಅಂಗಡಿಯ ಒಬ್ಬ ಗೆಳೆಯರು ನನ್ನನ್ನು ತಡೆದು, ‘ನೀವು ಸಂಘ ಕಟ್ಟಿದರೆ ನನ್ನ ಅಂಗಡಿಗೆ ಬೀಗವೆ?’ ಎಂದರು. ಅವರು ಈ ಸಭೆಯಲ್ಲಿದ್ದಾರೆ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಿಮ್ಮ ಲಾಭದಲ್ಲಿ ತೂಕದ ಮೋಸದಿಂದ ಬಂದ ಪಾಲು ಇದ್ದರೆ ಅದು ಹೋಗುತ್ತದೆ. ಅದು ಹೋಗಲೇಬೇಕು. ಆದರೆ ನೀವು ನಮ್ಮ ವೈರಿಯಲ್ಲ. ನಿಮಗೆ ಮುಂಗಡ ಕೊಟ್ಟ ದೊಡ್ಡ ದಲ್ಲಾಳಿ ಅವನಿಗೇ ಮಾರಬೇಕೆಂದು ಕಟ್ಟುಹಾಕಿದ್ದಾನೆ. ಬೆಲೆ ಇಳಿದರೆ ನಷ್ಟ ನಿಮ್ಮದು, ಏರಿದರೆ ಲಾಭ ಅವನದು. 2021ರ ಅಕ್ಟೋಬರದಲ್ಲಿ ಪ್ಲಾಸ್ಟಿಕ್ ಗುಜರಿಯ ಮೇಲಿನ ಜಿ.ಎಸ್.ಟಿ.ಯನ್ನು ನೂರಕ್ಕೆ 5ರಿಂದ 18ಕ್ಕೆ ಏರಿಸಿದಾಗ ಆ ಭಾರ ಮೇಲಿನಿಂದ ಕೆಳಗೆ ಜಾರಿ ಯಾರ ತಲೆಗೆ ಬರುವಂಥದೆಂಬುದು ನಿಮಗೂ ಗೊತ್ತು, ಚಿಂದಿ ಆಯುವವಳಿಗೂ ಗೊತ್ತು. ನಾಲ್ಕಾರು ಸಣ್ಣ ಅಂಗಡಿಗಳು ಮತ್ತು ಸಂಘ ಕೂಡಿ ಒಂದು ಲಾರಿ ತುಂಬಿಸಿದರೆ ದಲ್ಲಾಳಿಯನ್ನು ದಾಟಿ ಗಿರಣಿಗೇ ನೇರವಾಗಿ ಮಾರಬಹುದು. ಒಬ್ಬೊಬ್ಬರೇ ಚೀಲ ಹಿಡಿದು ಹೋದರೆ ಆ ಬಾಗಿಲು ತೆರೆಯುವುದಿಲ್ಲ.

ಇನ್ನು ಬಟ್ಟೆಯ ಮಾತು. ದಿಲ್ಲಿಯಲ್ಲಿ ಅಂಶು ಗುಪ್ತಾ 1999ರಲ್ಲಿ ಆರಂಭಿಸಿದ ‘ಗೂಂಜ್’ ಪಟ್ಟಣದ ಹಳೆಯ ಬಟ್ಟೆಯನ್ನು ಹಳ್ಳಿಗೆ ತಲುಪಿಸುತ್ತದೆ. ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಯವರು ತಾವೇ ಆರಿಸಿದ ಕೆಲಸ, ಬಾವಿಯೋ ದಾರಿಯೋ, ಮಾಡುತ್ತಾರೆ, ಬಟ್ಟೆ ಅದಕ್ಕೆ ಪ್ರತಿಫಲ. ಬಡವನನ್ನು ಭಿಕ್ಷುಕನೆಂದು ನೋಡದ ಈ ದೃಷ್ಟಿ ದೊಡ್ಡದು. ಆದರೂ ನನಗೊಂದು ಅಳುಕಿದೆ. ಊರಿನ ಜಮೀನ್ದಾರನೋ ಗುತ್ತಿಗೆದಾರನೋ ಇದೇ ದಾರಿ ನೋಡಿ ‘ದಿನದ ಕೂಲಿಗೆ ಬದಲು ಅಂಗಿ ತಗೋ’ ಎಂದರೆ? ಕೌದಿ ಹೊಲಿದವಳಿಗೆ ನಮ್ಮ ಮನೆಯಲ್ಲಿ ಕುಪ್ಪಸ ಕೊಟ್ಟದ್ದೂ ಪ್ರೀತಿಯಿಂದಲೇ. ಪ್ರೀತಿಯಿಂದ ಕೊಟ್ಟದ್ದು ಪ್ರೀತಿಯಾಗಿಯೇ ಇರಲಿ. ಕೂಲಿ ಎಂದರೆ ಸರಕಾರ ಗೊತ್ತುಮಾಡಿದ ಕನಿಷ್ಠ ಕೂಲಿ, ಅದೂ ರೊಕ್ಕದಲ್ಲಿ.

ಹಳೆಯ ಅರಿವೆ ಅತಿ ಅಗ್ಗವಾಗಿ ಸುರಿದರೆ ಸಿಂಪಿಗನೂ ನೇಕಾರನೂ ಕೆಡುತ್ತಾರೆಂಬುದನ್ನೂ ಮರೆಯಬಾರದು. ಆಫ್ರಿಕದ ಪುಟ್ಟ ರಾಷ್ಟ್ರ ರುವಾಂಡ ತನ್ನ ಬಟ್ಟೆ ಉದ್ಯೋಗ ಉಳಿಸಿಕೊಳ್ಳಲು 2016ರಲ್ಲಿ ಹೊರಗಿನ ಹಳೆಬಟ್ಟೆಯ ಮೇಲೆ ಸುಂಕ ಏರಿಸಿತು. 2018ರಲ್ಲಿ ಅಮೆರಿಕ ಅದರ ಸಿದ್ಧ ಉಡುಪಿಗೆ ಕೊಟ್ಟಿದ್ದ ಸುಂಕದ ರಿಯಾಯತಿಯನ್ನು ನಿಲ್ಲಿಸಿತು. ಶ್ರೀಮಂತನ ಹಳೆಯ ಅಂಗಿಯನ್ನು ಬೇಡವೆನ್ನುವುದಕ್ಕೂ ಬಡ ದೇಶಕ್ಕೆ ಸ್ವಾತಂತ್ರ್ಯವಿಲ್ಲ ನೋಡಿ. ನಮ್ಮ ಸಂಸ್ಥೆ ಸಿಂಪಿಗನ ಎದುರು ಅಂಗಡಿ ಹಾಕದೆ ಅವನನ್ನೇ ಒಳಗೆ ಕೂಡಿಸಿಕೊಳ್ಳಬೇಕು. ಹರಿದ ಅಂಗಿಗೆ ಅವನ ಕೈ, ಸೈಕಲ್ಲಿಗೆ ಸೈಕಲ್ ರಿಪೇರಿಯವನ ಕೈ, ಕಿತ್ತ ಮೆಟ್ಟಿಗೆ ಮೋಚಿಯ ಕೈ. ದುರಸ್ತಿಯಾದ ಪ್ರತಿಯೊಂದು ಸಾಮಾನಿನ ಬೆಲೆಯಲ್ಲಿ ದುರಸ್ತಿ ಮಾಡಿದವನ ಪಾಲು ಮೊದಲೇ ಬರೆದಿರಬೇಕು.

ಜಾಗ ಎಲ್ಲಿ ಎಂದು ಕೇಳುತ್ತೀರಿ. ಕರ್ನಾಟಕದ ಎಷ್ಟೋ ಗ್ರಾಮ ಪಂಚಾಯತಿಗಳಲ್ಲಿ ಒಣಕಸದ ಘಟಕವೆಂದು ಒಂದು ಶೆಡ್ಡು, ‘ಸ್ವಚ್ಛ ವಾಹಿನಿ’ ಎಂದು ಒಂದು ವಾಹನ ಇವೆ. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳೇ ಅದನ್ನು ಓಡಿಸುವುದನ್ನು ನೋಡಿದ್ದೇನೆ, ನೋಡಿ ಹಿಗ್ಗಿದ್ದೇನೆ. ಶೆಡ್ಡಿಗೆ ಬೀಗ ಬಿದ್ದ ಊರನ್ನೂ ನೋಡಿದ್ದೇನೆ, ಅದನ್ನೂ ಹೇಳಬೇಕು. ಆ ಹೆಣ್ಣುಮಕ್ಕಳ ಗೌರವಧನ ತಿಂಗಳಿಗೆ ಸರಿಯಾಗಿ ಬಾರದಿದ್ದರೆ ಗೌರವ ಮಾತ್ರ ಉಳಿಯುತ್ತದೆ, ಅದನ್ನು ಬೇಯಿಸಿ ಉಣ್ಣಲಾಗದು. ಪಂಚಾಯತಿಯ ಮುಂದೆ ನಮ್ಮ ಮೊದಲ ಬೇಡಿಕೆ ಶೆಡ್ಡಿನ ಒಂದು ಭಾಗ, ಎರಡನೆಯದು ಆ ಕೆಲಸಗಾರರ ಪಗಾರದ ತಾರೀಖು. 1905ರಲ್ಲಿ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟುವಾಗ ಅವರ ಕೈಯಲ್ಲಿದ್ದದ್ದೂ ಒಂದು ಹಳ್ಳಿಯೇ ಹೊರತು ಪಟ್ಟಣವಲ್ಲ.

ಬೆಲೆಯ ಹಲಗೆ ಅಂಗಡಿಯ ಹೊರಗೆ, ಓದು ಬಾರದವರಿಗೆ ಕೂಗಿ ಹೇಳುವಂತೆ ಇರಲಿ. ಲೆಕ್ಕದ ಪುಸ್ತಕವನ್ನು ಯಾರು ಬೇಕಾದರೂ ಕೇಳಿ ನೋಡಲಿ. ಆಡಳಿತದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಯುವವರು, ಹೊಲಿಯುವವರೇ ಇರಬೇಕು. ಇಲ್ಲದಿದ್ದರೆ ಎರಡು ವರ್ಷದಲ್ಲಿ ಇದು ನನ್ನಂಥ ನಾಲ್ಕು ಮಂದಿ ಭಾಷಣಕಾರರ ಸಂಸ್ಥೆಯಾಗುತ್ತದೆ.

ತಕ್ಕಡಿಯ ಮಾತು ಕೊನೆಗೆ ಇಟ್ಟುಕೊಂಡಿದ್ದೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಪ್ರಕಾರ ವ್ಯಾಪಾರದ ತಕ್ಕಡಿಯನ್ನೂ ತೂಕದ ಕಲ್ಲನ್ನೂ ಪರೀಕ್ಷಿಸಿ ಮುದ್ರೆ ಹಾಕಿಸಬೇಕು. ನನ್ನ ಹಳೆಯ ತಕ್ಕಡಿ ಮನೆಯ ಅಟ್ಟದ ಮೇಲಿದೆ. ಬರುವ ಸಂತೆಗೆ ಅದನ್ನು ಇಲ್ಲಿಗೆ ತರುತ್ತೇನೆ. ಮುದ್ರೆಗೆ ಕಳಿಸುವ ಮೊದಲು ನೀವೆಲ್ಲ ನೋಡುವಂತೆ ತೂಗೋಣ, ಎಷ್ಟು ತಪ್ಪಿದೆಯೊ ತಿಳಿಯಲಿ. ಹೆಸರು ಬರೆಸುವವರು ಈಗಲೇ ಪಡಸಾಲೆಗೆ ಬನ್ನಿ. ಗುಜರಿ ಅಂಗಡಿಯ ನಮ್ಮ ಗೆಳೆಯರು ಮೊದಲು ಬರೆಸುತ್ತಾರೊ ಕೊನೆಗೆ ಬರೆಸುತ್ತಾರೊ, ಅವರ ಜಾಗವನ್ನು ಕಾದಿರಿಸೋಣ.