ಕರೆಂಟ್ ಹೋಗಿ ಬಂದ ಮೇಲೆ ಮೋಟಾರಿನೊಳಗೆ ಎಷ್ಟು ಬಿಸಿ?



ಮೋಟಾರು ಸುಡುವುದರ ಕುರಿತ ಈ ಸಂಕಿರಣವನ್ನು ಬೆಂಗಳೂರಿನಲ್ಲೋ ಸುರತ್ಕಲ್‌ನಲ್ಲೋ ಮಾಡಬಹುದಿತ್ತು. ಗೋಣಿಬೀಡಿನಲ್ಲೇ ಆಗಬೇಕು ಎಂದು ಸಂಘಟಕರು ಹಟ ಹಿಡಿದರು. ಅದಕ್ಕಾಗಿ ನಾನು ಅವರಿಗೆ ಮನಸಾರೆ ಋಣಿ. ಕಂಪ್ರೆಸರ್ ಮೋಟಾರ್ ಯಾಕೆ ಸುಡುತ್ತದೆ ಎಂದು ಅರಿಯಬೇಕಾದವರು ಈ ಹೋಬಳಿಯಲ್ಲಿ ಒಂದು ವರ್ಷ ಇದ್ದು ನೋಡಬೇಕು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ತಡವಾದರೆ ರೊಬಸ್ಟಾ ಕಾಫಿ ತೋಟದವರೆಲ್ಲ ಒಟ್ಟಿಗೇ ಸ್ಪ್ರಿಂಕ್ಲರ್ ಶುರು ಮಾಡುತ್ತಾರೆ. ಆಗ ಲೈನಿನ ಕೊನೆಯಲ್ಲಿರುವ ಅಂಗಡಿಯ ಸಾಕೆಟ್ಟಿನಲ್ಲಿ 230 ಇರಬೇಕಾದ ವೋಲ್ಟೇಜು 160ಕ್ಕೆ ಇಳಿದದ್ದನ್ನು ನಾನೇ ಮೀಟರ್ ಹಿಡಿದು ನೋಡಿದ್ದೇನೆ. ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 160ರಲ್ಲಿ ಅದು ಅರ್ಧವೂ ಇರುವುದಿಲ್ಲ. ಜೂನ್ ಬಂತೆಂದರೆ ಕಷ್ಟ ಬೇರೆ ತರಹದ್ದು. ಗಾಳಿಮಳೆಗೆ ಸಿಲ್ವರ್ ಓಕೋ ಹಾಲುವಾಣವೋ ಲೈನಿನ ಮೇಲೆ ಬಿದ್ದು ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಕೆಲವೊಮ್ಮೆ ಮೂರು ಫೇಸ್‌ಗಳಲ್ಲಿ ಎರಡು ಮಾತ್ರ ಬರುತ್ತವೆ. ಆ ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು, ಬಿದ್ದ ಮರ ಕಡಿದು, ಕಂಬ ಹತ್ತಿ ಲೈನ್ ಸರಿಮಾಡುವವರು ಇಬ್ಬರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ದಯವಿಟ್ಟು ಮುಂದೆ ಬರಬೇಕು, ಇಲ್ಲಿ ಕುರ್ಚಿ ಖಾಲಿ ಇದೆ.

ಬಹಳ ವರ್ಷಗಳಿಂದ ನಾನು ಹೇಳುತ್ತ ಬಂದಿರುವ ಮಾತು ಒಂದೇ. ಮೋಟಾರನ್ನು ಸುಡುವುದು ಬಿಸಿ, ನಾವು ಅಳೆಯುತ್ತ ಬಂದಿರುವುದು ಆಂಪಿಯರ್. ಕರೆಂಟ್ ಮೇಲೆ ಕಣ್ಣಿಟ್ಟರೆ ಬಿಸಿಯ ಮೇಲೆ ಕಣ್ಣಿಟ್ಟ ಹಾಗೆಯೇ ಎಂದು ನಮ್ಮ ವೃತ್ತಿ ಎಂದೋ ಒಪ್ಪಿಕೊಂಡಿತು. ಆಮೇಲೆ ಅದನ್ನು ಮತ್ತೆ ಕೆದಕಿ ನೋಡಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗಿನಿಂದ ನಮ್ಮ ನಾಡಿನಲ್ಲಿ ದೊಡ್ಡ ಮೋಟಾರುಗಳಿವೆ. ದೊಡ್ಡ ಯಂತ್ರದ ಪಕ್ಕದಲ್ಲಿ ಸದಾ ಒಬ್ಬ ಆಪರೇಟರ್ ಇರುತ್ತಾನೆ. ಮೈ ಮುಟ್ಟಿ ನೋಡುತ್ತಾನೆ, ವಾಸನೆ ಹಿಡಿಯುತ್ತಾನೆ, ಸದ್ದು ಬದಲಾದರೆ ನಿಲ್ಲಿಸುತ್ತಾನೆ. ಮೋಟಾರು ಚಿಕ್ಕದಾಗುತ್ತ ಮನುಷ್ಯ ಅದರ ಪಕ್ಕದಿಂದ ಎದ್ದು ಹೋದ. ಅವನ ಜಾಗದಲ್ಲಿ ಸ್ಟಾರ್ಟರಿನೊಳಗೆ ಒಂದು ಬೈಮೆಟಲ್ ಪಟ್ಟಿ, ಅಂದರೆ ಓವರ್‌ಲೋಡ್ ರಿಲೇ, ಕೂತಿತು. ಮೋಟಾರಿಗೆ ಹೋಗುವ ಕರೆಂಟೇ ಪಟ್ಟಿಯನ್ನೂ ಬಿಸಿ ಮಾಡುತ್ತದೆ. ಮಿತಿ ಮೀರಿದರೆ ಪಟ್ಟಿ ಬಾಗಿ ಕಾಂಟ್ಯಾಕ್ಟ್ ಬಿಡಿಸುತ್ತದೆ, ಕಾಯಿಲ್ ಬಿಡುತ್ತದೆ, ಮೋಟಾರ್ ನಿಲ್ಲುತ್ತದೆ. ತನ್ನದೇ ಫ್ಯಾನ್ ಇರುವ, ಗಾಳಿಯಾಡುವ ಕಡೆ ಒಂದೇ ಸಮ ಓಡುವ ಮೋಟಾರಿಗೆ ಇದು ಒಳ್ಳೆಯ ಏರ್ಪಾಡು. ಕಾಫಿ ಪಲ್ಪರ್ ಮೋಟಾರಿಗೆ ಇಂದಿಗೂ ಸಾಕು.

ಸೀಲ್ ಮಾಡಿದ ಕಂಪ್ರೆಸರಿಗೆ ಇದು ಸಾಲದು. ಅದರ ಮೋಟಾರಿಗೆ ಫ್ಯಾನ್ ಇಲ್ಲ. ಆವಿಯಾಗಿ ತಣ್ಣಗೆ ವಾಪಸು ಬರುವ ಗ್ಯಾಸೇ ಅದರ ವೈಂಡಿಂಗನ್ನು ತಂಪು ಮಾಡಬೇಕು. ಪೈಪಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಗ್ಯಾಸ್ ಸೋರುತ್ತ ಹೋದರೆ ಏನಾಗುತ್ತದೆ? ತಳ್ಳುವುದಕ್ಕೆ ಗ್ಯಾಸ್ ಕಡಿಮೆ, ಹಾಗಾಗಿ ಹೊರೆ ಕಡಿಮೆ, ಹಾಗಾಗಿ ಆಂಪಿಯರೂ ಕಡಿಮೆ. ಕ್ಲಾಂಪ್ ಮೀಟರ್ ಹಾಕಿದವರು ನೇಮ್ ಪ್ಲೇಟಿಗಿಂತ ಕೆಳಗಿದೆಯಲ್ಲ ಎಂದು ಸಮಾಧಾನಪಡುತ್ತಾರೆ. ಒಳಗೆ ತಂಪು ಮಾಡುವುದಕ್ಕೆ ಏನೂ ಇಲ್ಲದೆ ವೈಂಡಿಂಗ್ ಬೇಯುತ್ತಿರುತ್ತದೆ. ಆಂಪಿಯರ್ ಇಳಿಯುತ್ತ ಬಿಸಿ ಏರುವ ಈ ಸ್ಥಿತಿಯಲ್ಲಿ ಓವರ್‌ಲೋಡ್ ರಿಲೇ ಪೂರ್ತಿ ಕುರುಡು. ಅಂಥ ಕಂಪ್ರೆಸರಿನ ಗೂಡು ಕತ್ತರಿಸಿದಾಗ ಎಣ್ಣೆ ಟಾರಿನಷ್ಟು ಕಪ್ಪಾಗಿ, ಮೂಗಿಗೆ ಹುಳಿಹುಳಿ ವಾಸನೆ ಹೊಡೆಯುತ್ತದೆ. ಇಲ್ಲಿರುವ ಮೆಕ್ಯಾನಿಕ್‌ಗಳಿಗೆ ಆ ವಾಸನೆಯನ್ನು ನಾನು ವರ್ಣಿಸಬೇಕಾಗಿಲ್ಲ.

ಇನ್ಸುಲೇಶನ್ನಿನ ಆಯಸ್ಸಿನ ವಿಚಾರವನ್ನು ನಾನು ವಿಸ್ತರಿಸಲು ಹೋಗುವುದಿಲ್ಲ. 1930ರಲ್ಲಿ ಮಾಂಟ್‌ಸಿಂಗರ್ ಹಾಕಿಕೊಟ್ಟ ದಾರಿಯಲ್ಲಿ ಬಂದ ನಿಯಮ, ಅಂದರೆ ಹತ್ತು ಡಿಗ್ರಿ ಹೆಚ್ಚಾದಾಗಲೆಲ್ಲ ಆಯಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು, ನಿಮಗೆಲ್ಲ ಪಾಠವಾಗಿದೆ. ಬಿ ಕ್ಲಾಸಿಗೆ 130, ಎಫ್‌ಗೆ 155, ಎಚ್‌ಗೆ 180 ಡಿಗ್ರಿ ಎಂಬುದೂ ಗೊತ್ತು. ಇದರಲ್ಲಿ ನನಗಿಂತ ಹೆಚ್ಚು ತಿಳಿದವರು, ಬೆಂಗಳೂರಿನಿಂದ ಬಂದ ಹಿರಿಯ ಮಿತ್ರರು, ಎರಡನೆಯ ಸಾಲಿನಲ್ಲಿದ್ದಾರೆ. ಮಧ್ಯಾಹ್ನದ ಗೋಷ್ಠಿ ಅವರದೇ. ಸಾವಿರ ಮೀಟರಿನ ಮೇಲೆ ಗಾಳಿ ತೆಳುವಾಗಿ ತಂಪು ಕಡಿಮೆಯಾಗುವ ಪ್ರಶ್ನೆಯನ್ನು, ಬಾಬಾಬುಡನ್‌ಗಿರಿಯ ಕಡೆಯ ತೋಟದ ಮೋಟಾರುಗಳನ್ನು ಎದುರಿಗಿಟ್ಟುಕೊಂಡು, ಚಿಕ್ಕಮಗಳೂರಿನ ಯುವ ಅಧ್ಯಾಪಕರೊಬ್ಬರು ಎತ್ತಲಿದ್ದಾರೆ. ಅವರ ಪ್ರಬಂಧವನ್ನು ನಾನು ಓದಿದ್ದೇನೆ. ಅದನ್ನು ಕೇಳದೆ ಊಟಕ್ಕೆ ಏಳಬೇಡಿ.

ರೀವೈಂಡಿಂಗ್ ಶಾಪಿನವರ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಪಠ್ಯಪುಸ್ತಕಗಳು ಅವರನ್ನು ಕೇಳಲೇ ಇಲ್ಲ. ಸುಟ್ಟ ಸ್ಟೇಟರ್ ಮೇಜಿಗೆ ಬಂದ ಕೂಡಲೇ ಕಾಯಿಲ್ ನೋಡಿ ಅವರು ಕಾರಣ ಹೇಳುತ್ತಾರೆ. ಎಲ್ಲ ಕಾಯಿಲ್‌ಗಳೂ ಸಮನಾಗಿ ಕಪ್ಪಾಗಿದ್ದರೆ ಹೊರೆ ಅಥವಾ ಲೋ ವೋಲ್ಟೇಜ್. ಸ್ಟಾರ್ ಕನೆಕ್ಷನ್ನಿನಲ್ಲಿ ಎರಡು ಫೇಸ್‌ಗಳ ಗುಂಪು ಕಪ್ಪಾಗಿ ಮೂರನೆಯದು ಹೊಸ ತಾಮ್ರದಂತೆ ಹೊಳೆಯುತ್ತಿದ್ದರೆ ಒಂದು ಫೇಸ್ ಹೋಗಿದೆ ಎಂದರ್ಥ. ಡೆಲ್ಟಾದಲ್ಲಿ ಹಾಗೆ ಫೇಸ್ ಹೋದರೆ ಒಂದೇ ಗುಂಪು ಸುಟ್ಟಿರುತ್ತದೆ. ಈ ಕೊನೆಯದನ್ನು ದಯವಿಟ್ಟು ಲೆಕ್ಕ ಹಾಕಿ ನೋಡಿ. ಡೆಲ್ಟಾ ಮೋಟಾರಿಗೆ ಒಂದು ಫೇಸ್ ತಪ್ಪಿದಾಗ, ಉಳಿದ ಎರಡು ಲೈನುಗಳ ನಡುವೆ ನೇರವಾಗಿ ಸಿಕ್ಕಿದ ವೈಂಡಿಂಗ್ ಲೈನ್ ಕರೆಂಟಿನ ಮೂರರಲ್ಲಿ ಎರಡು ಭಾಗ ಹೊರುತ್ತದೆ. ಮಾಮೂಲಿಯಾಗಿ ಅದು ಹೊರಬೇಕಾದ್ದು ನೂರಕ್ಕೆ 58ರಷ್ಟು ಮಾತ್ರ. ಮೋಟಾರ್ ಪೂರ್ತಿ ಹೊರೆಯಲ್ಲಿಲ್ಲದಾಗ ಲೈನಿನ ಆಂಪಿಯರ್ ನೇಮ್ ಪ್ಲೇಟಿನಷ್ಟೇ ಇರಬಹುದು. ಆಗಲೂ ಆ ಒಂದು ವೈಂಡಿಂಗಿನಲ್ಲಿ ಕರೆಂಟ್ ನೂರಕ್ಕೆ ಹದಿನೈದು ಹೆಚ್ಚು, ಬಿಸಿ ಮೂರನೇ ಒಂದು ಭಾಗ ಹೆಚ್ಚು. ಲೈನಿನ ಮೊತ್ತವನ್ನಷ್ಟೇ ನೋಡುವ ರಿಲೇ ಸುಮ್ಮನೆ ಕೂತಿರುತ್ತದೆ. ರೀವೈಂಡರ್ ಬೆರಳಿಟ್ಟು ತೋರಿಸುವ ಆ ಒಂದು ಕಪ್ಪು ಗುಂಪೇ ನಮ್ಮ ತಪ್ಪು ಲೆಕ್ಕದ ಸಾಕ್ಷಿ.

ಈಗ ಕೆಲವರಿಗೆ ಹಿಡಿಸದ ಮಾತು. ಮೂರು ಫೇಸಿನ ದೊಡ್ಡ ಪ್ಯಾನೆಲ್‌ಗಳಿಗೆ ನಾವು ಅಧ್ಯಾಯಗಟ್ಟಲೆ ಬರೆದೆವು. ಫ್ರಿಜ್ಜಿನ ಕಂಪ್ರೆಸರಿನ ಮೈಗೆ ಒತ್ತಿಕೊಂಡಿರುವ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಓವರ್‌ಲೋಡ್ ಪ್ರೊಟೆಕ್ಟರಿಗೆ, ಅಂದರೆ ಓಎಲ್‌ಪಿಗೆ, ಅರ್ಧ ಪುಟ ಕೊಟ್ಟೆವು. ನನ್ನ ದೃಷ್ಟಿಯಲ್ಲಿ ಆ ಓಎಲ್‌ಪಿ ನಮ್ಮ ಅನೇಕ ಪ್ಯಾನೆಲ್‌ಗಳಿಗಿಂತ ಜಾಣ. ಅದರೊಳಗಿನ ಬೈಮೆಟಲ್ ಬಿಲ್ಲೆ ಕರೆಂಟಿನಿಂದಲೂ ಬಿಸಿಯಾಗುತ್ತದೆ, ಕಂಪ್ರೆಸರಿನ ಗೂಡಿನಿಂದಲೂ ಬಿಸಿಯಾಗುತ್ತದೆ. ಗ್ಯಾಸ್ ಸೋರಿ ಆಂಪಿಯರ್ ಇಳಿದರೂ ಗೂಡು ಕಾದರೆ ಅದು ಬಿಡುತ್ತದೆ. ಬಾಯ್ಲರ್ ಬಾಗಿಲಿನ ತಗಡು ಬಿಸಿ ಆರಿದಾಗ ಟಕ್ಕೆಂದು ಆಕಾರ ಬದಲಿಸುವುದನ್ನು ಹುಡುಗನಾಗಿದ್ದಾಗ ಗಮನಿಸಿದ ಅಮೆರಿಕದ ಜಾನ್ ಸ್ಪೆನ್ಸರ್, ಮುಂದೆ ಅದೇ ಗುಣವನ್ನು ಬಿಲ್ಲೆಯಲ್ಲಿ ಹಿಡಿದಿಟ್ಟರು. ಬಿಸಿಯನ್ನೇ ನೇರವಾಗಿ ಮುಟ್ಟುವ ಆ ದಾರಿಯಲ್ಲಿ ನಾವು ಇನ್ನೂ ದೂರ ಹೋಗಬಹುದಿತ್ತು.

ಓಎಲ್‌ಪಿಗೆ ನಾವು ಕೊಟ್ಟ ಮರ್ಯಾದೆ ಎಷ್ಟೆಂದು ತಿಳಿಯಲು ಇಲ್ಲೇ ಹತ್ತಿರದ ಒಂದು ಮೀನಿನ ಅಂಗಡಿಗೆ ಹೋಗೋಣ. ಚಾರ್ಮಾಡಿ ಘಾಟಿ ಹತ್ತಿ ಬರುವ ಮೀನಿಗೆ ಅಲ್ಲೊಂದು ಡೀಪ್ ಫ್ರೀಜರ್ ಇದೆ. ಮಾರ್ಚಿನ ಒಂದು ದಿನ ಮಾಲೀಕರು ಹೇಳಿದರು: "ಎಂತ ಮಾಡೋದು ಮಾರಾಯ್ರೆ, ಐದೈದು ನಿಮಿಷಕ್ಕೂ ಟಕ್ ಟಕ್ ಅಂತಿತ್ತು, ಮೀನು ಕೆಡ್ತಿತ್ತು. ಡೈರೆಕ್ಟ್ ಕೊಡಿಸಿಬಿಟ್ಟೆ." ಹಿಂದೆ ಬಗ್ಗಿ ನೋಡಿದೆ. ಓಎಲ್‌ಪಿಯ ಎರಡೂ ಟರ್ಮಿನಲ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ, ಟೇಪ್ ಸುತ್ತಿತ್ತು. ಆ ಮಾಲೀಕರನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ಅವರಿಗೆ ಕಂಪ್ರೆಸರಿನ ಬೆಲೆಯೂ ಗೊತ್ತು, ಆ ದಿನದ ಬಂಗುಡೆಯ ಬೆಲೆಯೂ ಗೊತ್ತು. ಗೊತ್ತಿಲ್ಲದ್ದು ಒಂದೇ, ಆ ಟಕ್ ಟಕ್ ಯಾವುದರ ದೂರು ಎಂಬುದು. ವೋಲ್ಟೇಜ್ ಕಡಿಮೆಯೋ, ಕಂಡೆನ್ಸರಿನ ಮೇಲೆ ಧೂಳು ಕೂತಿದೆಯೋ, ಗ್ಯಾಸ್ ಹೋಗಿದೆಯೋ, ಎಲ್ಲಕ್ಕೂ ಅದು ಒಂದೇ ಸದ್ದು ಮಾಡುತ್ತದೆ. ಕಾರಣ ಹೇಳದ ರಕ್ಷಣೆಯನ್ನು ಜನ ಕಿತ್ತೆಸೆದರೆ ಅದರ ಹೊಣೆ ವಿನ್ಯಾಸ ಮಾಡಿದ ನಮ್ಮ ಮೇಲೂ ಇದೆ.

ಇದಕ್ಕೆ ಬೇರೆ ದಾರಿಯೇ ಇಲ್ಲವೆಂದಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಐಎಲ್‌ಆರ್ (ಐಸ್ ಲೈನ್ಡ್ ರೆಫ್ರಿಜರೇಟರ್) ಪೆಟ್ಟಿಗೆಗಳನ್ನು ನೋಡಿ. ದಿನಕ್ಕೆ ಎಂಟು ಗಂಟೆ ಕರೆಂಟ್ ಸಿಕ್ಕರೂ ಸುತ್ತ ಕಟ್ಟಿದ ಮಂಜುಗಡ್ಡೆಯ ಬಲದಿಂದ 2ರಿಂದ 8 ಡಿಗ್ರಿ ಕಾಪಾಡುವ ಹಾಗೆ ಅವನ್ನು ಮಾಡಿದ್ದಾರೆ. ಪ್ರತಿಯೊಂದಕ್ಕೂ ಸ್ಟೆಬಿಲೈಜರ್ ಇರುತ್ತದೆ, ದಿನಕ್ಕೆ ಎರಡು ಬಾರಿ ಪುಸ್ತಕದಲ್ಲಿ ತಾಪಮಾನ ಬರೆಯುತ್ತಾರೆ. ಬಿಸಿಯನ್ನು ಅಳೆದು ಬರೆದಿಡುವ ಶಿಸ್ತು ಆರೋಗ್ಯ ಇಲಾಖೆಯ ಸಹೋದರಿಯರಿಗೆ ಬಂದಿದೆ. ಲಸಿಕೆಗೆ ಒಂದು ಪುಸ್ತಕವಿದೆ, ಅದನ್ನು ತಣ್ಣಗಿಡುವ ಮೋಟಾರಿಗೆ ಇಲ್ಲ.

ಇನ್ನು ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಆದರೂ ಇದನ್ನು ಹೇಳಲೆಂದೇ ನಾನು ಬಂದದ್ದು. ಜುಲೈ ತಿಂಗಳು. ಕಂಪ್ರೆಸರ್ ಒಂದು ಗಂಟೆಯಿಂದ ಓಡುತ್ತಿದೆ, ವೈಂಡಿಂಗ್ ಚೆನ್ನಾಗಿ ಕಾದಿದೆ. ಕರೆಂಟ್ ಹೋಯಿತು, ನಾಲ್ಕು ನಿಮಿಷಕ್ಕೆ ಬಂತು. ಈಗ ಒಳಗೆ ಎಷ್ಟು ಬಿಸಿ ಉಳಿದಿದೆ? ಸ್ಟಾರ್ಟರಿನ ಪಟ್ಟಿ ಅಷ್ಟರಲ್ಲಿ ಬಹುಮಟ್ಟಿಗೆ ಆರಿರುತ್ತದೆ. ತಾಮ್ರ, ಕಬ್ಬಿಣ, ಎಣ್ಣೆ ಸೇರಿದ ಮೋಟಾರು ಬಚ್ಚಲ ಹಂಡೆಯ ನೀರಿನಂತೆ ನಿಧಾನಕ್ಕೆ ಆರುತ್ತದೆ. ಮೋಟಾರೂ ತಣ್ಣಗಿದೆ ಎಂದೇ ತಿಳಿದು ಪಟ್ಟಿ ಅದನ್ನು ಓಡಲು ಬಿಡುತ್ತದೆ. ಒಳಗೆ ಗ್ಯಾಸಿನ ಒತ್ತಡ ಎರಡೂ ಕಡೆ ಸಮವಾಗಿರದಿದ್ದರೆ ರೋಟರ್ ಅಲುಗದೆ, ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ತೆಳು ತಂತಿಯ ಸ್ಟಾರ್ಟಿಂಗ್ ವೈಂಡಿಂಗಿಗೆ ಆಗ ಕೆಲವು ಸೆಕೆಂಡು ಸಾಕು. ಸ್ಟೆಬಿಲೈಜರಿನ ಮೂರು ನಿಮಿಷದ ಟೈಮ್ ಡಿಲೇ ಒತ್ತಡದ ಸಮಸ್ಯೆಗೆ ಒಳ್ಳೆಯ ಮದ್ದು, ಉಳಿದ ಬಿಸಿಗೆ ಅಲ್ಲ. ಎಲೆಕ್ಟ್ರಾನಿಕ್ ರಿಲೇಗಳು ಬಿಸಿಯ ಲೆಕ್ಕವನ್ನು ನೆನಪಿನಲ್ಲಿಡುತ್ತವೆ, ನಿಜ. ಆದರೆ ಕರೆಂಟ್ ಎಷ್ಟು ಹೊತ್ತು ಇರಲಿಲ್ಲ ಎಂದು ಗೊತ್ತಾಗಬೇಕಾದರೆ ಒಳಗೊಂದು ಗಡಿಯಾರ ಓಡುತ್ತಲೇ ಇರಬೇಕು. ಗಡಿಯಾರವಿಲ್ಲದ್ದು ಊಹೆ ಮಾಡಬೇಕು. ತಣ್ಣಗಿದೆ ಎಂದುಕೊಂಡರೆ ಮೋಟಾರು ಸುಡುತ್ತದೆ, ಬಿಸಿ ಇದೆ ಎಂದುಕೊಂಡರೆ ತಣ್ಣಗಿರುವ ಮೋಟಾರನ್ನೂ ಓಡಿಸುವುದಿಲ್ಲ. ಆಗ ಮತ್ತೆ ಆ ತುಂಡು ವೈರು ಬರುತ್ತದೆ. ದೊಡ್ಡ ಕಂಪ್ರೆಸರುಗಳ ವೈಂಡಿಂಗಿನಲ್ಲಿ ಬಿಸಿ ಅಳೆಯುವ ಥರ್ಮಿಸ್ಟರ್ ಹುದುಗಿಸುತ್ತಾರೆ, ಅಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ಮೀನಿನ ಅಂಗಡಿಗೆ ಇಲ್ಲ.

ನನಗೆ ಹೊಳೆಯುವ ದಾರಿ ತಾಮ್ರದಲ್ಲೇ ಇದೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ನೂರಕ್ಕೆ 0.39ರಷ್ಟು ಏರುತ್ತದೆ. ತಣ್ಣಗೆ 4 ಓಮ್ ಇರುವ ವೈಂಡಿಂಗ್ 80 ಡಿಗ್ರಿ ಹೆಚ್ಚು ಕಾದರೆ 5.2 ಓಮ್ ದಾಟುತ್ತದೆ. ಕರೆಂಟ್ ಬಂದೊಡನೆ, ಸ್ಟಾರ್ಟ್ ಮಾಡುವ ಮೊದಲು, ಒಂದು ಕ್ಷಣ ಚಿಕ್ಕ ಡಿಸಿ ಹಾಯಿಸಿ ಅಳೆದರೆ ಮೋಟಾರು ತನ್ನ ಬಿಸಿಯನ್ನು ತಾನೇ ಹೇಳುತ್ತದೆ. ಬೋರ್‌ವೆಲ್ ಮೋಟಾರಿಗೆ ಉದ್ದ ಕೇಬಲಿನ ರೆಸಿಸ್ಟೆನ್ಸ್ ಅಡ್ಡ ಬರುತ್ತದೆ, ಫ್ರೀಜರಿನ ಎರಡು ಮೀಟರ್ ವೈರಿಗೆ ಆ ತೊಂದರೆಯಿಲ್ಲ. ಆದರೆ ಸಿಗುವುದು ಸರಾಸರಿ ಬಿಸಿ, ಅತಿ ಬಿಸಿಯ ಜಾಗ ಸಿಗುವುದಿಲ್ಲ. ಮೇನ್ ವೈಂಡಿಂಗ್ ಬೇರೆ, ಸ್ಟಾರ್ಟಿಂಗ್ ಬೇರೆ. ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿದ ಟರ್ಮಿನಲ್ಲು ಅರ್ಧ ಓಮ್ ಸೇರಿಸಿಬಿಟ್ಟರೆ ಲೆಕ್ಕವೇ ಅಡಿಮೇಲು. ಎಲ್ಲಕ್ಕಿಂತ ಮೊದಲು, ತಣ್ಣಗಿದ್ದಾಗ ಎಷ್ಟಿತ್ತು ಎಂಬುದೇ ಯಾರ ಬಳಿಯೂ ಇಲ್ಲ.

ಆದ್ದರಿಂದ ಶಾಪಿನವರಲ್ಲಿ ನನ್ನ ಕೋರಿಕೆ. ಇವತ್ತಿನಿಂದ ಕೈಗೆ ಬರುವ ಪ್ರತಿ ಮೋಟಾರಿನ ತಣ್ಣನೆಯ ಓಮ್ ಎಷ್ಟು, ಆ ಹೊತ್ತಿನ ಕೋಣೆಯ ತಾಪಮಾನ ಎಷ್ಟು ಎಂದು ಮೋಟಾರಿನ ಮೈಮೇಲೆ ಪೇಂಟಿನಲ್ಲಿ ಬರೆಯಿರಿ, ಒಂದು ಪ್ರತಿಯನ್ನು ಪುಸ್ತಕದಲ್ಲಿಡಿ. ಕಾಲೇಜಿನವರು ಮುಂದಿನ ಮಳೆಗಾಲದಲ್ಲಿ ಆ ಪುಸ್ತಕಗಳನ್ನು ಹಿಡಿದು ಇದೇ ಅಂಗಡಿಗಳಿಗೆ ಬನ್ನಿ, ಕರೆಂಟ್ ಹೋಗಿ ಬಂದ ಗಳಿಗೆಯಲ್ಲಿ ಅಳೆಯಿರಿ. ಸ್ಟಾರ್ಟಿಂಗ್ ವೈಂಡಿಂಗಿನ ಬಿಸಿಯನ್ನು ಮೇನ್ ವೈಂಡಿಂಗಿನಿಂದ ಹೇಗೆ ಅಂದಾಜು ಮಾಡುವುದು ಎಂಬುದನ್ನು ಥರ್ಮಿಸ್ಟರ್ ಕುರಿತ ಮೊದಲ ಗೋಷ್ಠಿಯಲ್ಲೇ ಚರ್ಚೆಗೆ ಎತ್ತಿಕೊಳ್ಳಬೇಕೆಂದು ಅದರ ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ. ಹೊರಗಿನ ಜಗಲಿಯಲ್ಲಿ ಸುಟ್ಟ ಸ್ಟೇಟರ್‌ಗಳನ್ನು ಜೋಡಿಸಿಟ್ಟಿದ್ದಾರೆ. ಕಾಫಿಗೆ ಹೋಗುವಾಗ ವಿದ್ಯಾರ್ಥಿಗಳು ಅವನ್ನು ಕೈಯಲ್ಲಿ ಹಿಡಿದು ನೋಡಿ, ಯಾವುದು ಯಾಕೆ ಸುಟ್ಟಿತು ಎಂದು ಪಕ್ಕದಲ್ಲಿರುವ ಮೆಕ್ಯಾನಿಕ್‌ಗಳನ್ನು ಕೇಳಿ.