ಸೊರಗಿದ ಶಾಲೆಗೆ ಸರ್ಕಾರದ ದುಡ್ಡು

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಮಹಾಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿಹಬ್ಬದ ಸಭೆಯಲ್ಲಿ ಹಾಲು, ಹಿಂಡಿ, ಬೋನಸ್ಸಿನ ಮಾತು ಬಿಟ್ಟು ಇವನು ಸ್ಕೂಲಿನ ವಿಷಯ ಯಾಕೆ ತೆಗೆದ ಅಂತ ಕೆಲವರಿಗೆ ಅನ್ನಿಸಬಹುದು. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿ ನೇಗಿಲು ಹಿಡಿದವನು. ವಿದ್ಯಾಭ್ಯಾಸದ ಬಗ್ಗೆ ಉಪನ್ಯಾಸ ಕೊಡುವಷ್ಟು ದೊಡ್ಡವನಲ್ಲ. ಆದರೆ ಈ ದಿನದ ಕಾರ್ಯಸೂಚಿಯಲ್ಲಿ, ಬೆಳ್ಳಿಹಬ್ಬದ ನೆನಪಿಗೆ ಸಂಘದಿಂದ ಊರಿಗೆ ಏನು ಮಾಡಬೇಕು ಎಂಬ ವಿಷಯ ಇದೆ. ಊರ ಮುಂದೆ ಸ್ವಾಗತ ಕಮಾನು ಕಟ್ಟಿಸೋಣ ಎಂಬುದು ಒಂದು ಸಲಹೆ. ಶಾಲೆಗೆ ಗೋಡೆ ಅಗಲದ ಟಿ.ವಿ. ಕೊಡಿಸೋಣ ಎಂಬುದು ಇನ್ನೊಂದು. ಕಮಾನಿನ ಬಗ್ಗೆ ನಾನೇನೂ ಹೇಳುವುದಿಲ್ಲ, ನಿರ್ದೇಶಕರ ಹೆಸರು ಕಲ್ಲಿನ ಮೇಲೆ ಬರುತ್ತೆ ಅಂದರೆ ಯಾರಿಗೆ ಬೇಡ! ಶಾಲೆಯ ವಿಷಯಕ್ಕೆ ಮಾತ್ರ ನಾಲ್ಕು ಮಾತು ಹೇಳಬೇಕೆಂದು ನಿಂತಿದ್ದೇನೆ.

ಸರ್ಕಾರ ನಮ್ಮ ಶಾಲೆಗೆ ದುಡ್ಡೇ ಕೊಡಲ್ಲ ಎಂಬುದು ಅರಳಿಕಟ್ಟೆಯ ಮಾತು. ಕೊಡುತ್ತೆ ಸ್ವಾಮಿ. 2001ರ ಸುಮಾರಿಗೆ ಸರ್ವ ಶಿಕ್ಷಣ ಅಭಿಯಾನ ಬಂತು. ಕೊಠಡಿ, ಶೌಚಾಲಯ, ಬಣ್ಣ, ಸುಣ್ಣ ಎಲ್ಲ ಅದರಲ್ಲಿ ಆಗಿದ್ದನ್ನು ನೀವೇ ಕಂಡಿದ್ದೀರಿ. 2018ರಿಂದ ಅದು ಸಮಗ್ರ ಶಿಕ್ಷಣ ಅಂತ ಆಗಿದೆ. ನೂರು ರೂಪಾಯಿಯಲ್ಲಿ ಕೇಂದ್ರದ್ದು 60, ರಾಜ್ಯದ್ದು 40. ಇದರಲ್ಲಿ ಪ್ರತಿ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಸಂಯುಕ್ತ ಶಾಲಾ ಅನುದಾನ ಅಂತ ಒಂದು ಇಡಿಗಂಟು ಇದೆ. ಚಾಕ್‌ಪೀಸಿನಿಂದ ಹಿಡಿದು ಸೋರುವ ಹೆಂಚಿನವರೆಗೆ ಎಲ್ಲ ಸಣ್ಣಪುಟ್ಟ ಖರ್ಚು ಅದರಲ್ಲೇ ಆಗಬೇಕು, ಅದರಲ್ಲೂ ಹತ್ತರಲ್ಲಿ ಒಂದು ಭಾಗ ಸ್ವಚ್ಛತೆಗೇ ಹೋಗಬೇಕು.

ಈ ಗಂಟಿನ ಅಳತೆ ಹೇಗೆ ಅಂದರೆ, ಮಕ್ಕಳ ತಲೆ ಎಣಿಕೆ. ಮೂವತ್ತರವರೆಗೆ ಮಕ್ಕಳಿದ್ದರೆ 10 ಸಾವಿರ. 31ರಿಂದ 100 ಇದ್ದರೆ 25 ಸಾವಿರ. 101ರಿಂದ 250ಕ್ಕೆ 50 ಸಾವಿರ. ಅಲ್ಲಿಂದ ಮೇಲೆ ಸಾವಿರ ಮಕ್ಕಳವರೆಗೆ 75 ಸಾವಿರ, ಸಾವಿರ ದಾಟಿದರೆ ಒಂದು ಲಕ್ಷ. ನಾವು ಓದುವಾಗ ನಮ್ಮ ಶಾಲೆಯಲ್ಲಿ ಕೂರಲು ಜಾಗ ಇರಲಿಲ್ಲ, ಹುಣಸೆ ಮರದ ಕೆಳಗೆ ಒಂದು ತರಗತಿ ನಡೀತಿತ್ತು. ಈಗ ಒಂದರಿಂದ ಏಳರವರೆಗೆ ಸೇರಿ 34 ಮಕ್ಕಳು. ಇನ್ನು ನಾಲ್ಕು ಮಕ್ಕಳು ಬೆಳಿಗ್ಗೆ ಬರುವ ಹಳದಿ ವ್ಯಾನು ಹತ್ತಿದರೆ ಎಣಿಕೆ 30ಕ್ಕೆ ಇಳಿಯುತ್ತೆ, 25 ಸಾವಿರ ಹೋಗಿ 10 ಸಾವಿರ ಆಗುತ್ತೆ. ಸೂರು ಅಷ್ಟೇ ದೊಡ್ಡದು, ಗುಡಿಸುವ ಅಂಗಳ ಅಷ್ಟೇ, ಮಳೆಗಾಲದಲ್ಲಿ ಸೋರುವುದೂ ಅಷ್ಟೇ. ದುಡ್ಡು ಮಾತ್ರ ಅರ್ಧಕ್ಕಿಂತ ಕಡಿಮೆ. ದುಡ್ಡು ಇಳಿದ ಶಾಲೆ ನೋಡಲು ಇನ್ನಷ್ಟು ಹಾಳು ಕಾಣುತ್ತೆ, ಅದನ್ನು ನೋಡಿ ಇನ್ನೆರಡು ಮನೆಯವರು ಮಗುವನ್ನು ವ್ಯಾನಿಗೆ ಹತ್ತಿಸುತ್ತಾರೆ.

ಹೋಲಿಕೆ ಕೊಟ್ಟು ಹೇಳುತ್ತೇನೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಲೆಕ್ಕದಲ್ಲಿ ಇದೆ. ಹೆಚ್ಚು ಹಾಲು ಹಾಕಿದವನಿಗೆ ಹೆಚ್ಚು. ವ್ಯಾಪಾರಕ್ಕೆ ಅದು ಸರಿ. ಆದರೆ ಕೆಚ್ಚಲು ಬಾವು ಬಂದು ಮಲಗಿದ ಹಸುವಿಗೆ ಔಷಧಿಯನ್ನೂ ಅದು ಕೊಡುವ ಹಾಲಿನ ಲೆಕ್ಕದಲ್ಲೇ ಹಾಕಿದರೆ ಅದು ಏಳುತ್ತದೆಯೇ? ಹಿಂದೆ ಬಿದ್ದ ಶಾಲೆಗೆ ಹೆಚ್ಚು ಬೇಕು ಎಂಬುದು ತಲೆ ಎಣಿಕೆಯ ಈ ಗಂಟಿನಲ್ಲಿ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ.

ಹಾಗಾದರೆ ಹಿಂದುಳಿದ ಶಾಲೆಗೆ ಮೂಟೆಗಟ್ಟಲೆ ದುಡ್ಡು ಸುರಿದರೆ ಎದ್ದು ನಿಲ್ಲುತ್ತದೆಯೇ? ಇದನ್ನು ಮಾಡಿ ನೋಡಿದವರು ಇದ್ದಾರೆ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಓದುವಾಗ ಇದನ್ನು ವಿವರಿಸಿ ಹೇಳಿದ್ದ. ಅಮೆರಿಕ ದೇಶದಲ್ಲಿ 2009ರಲ್ಲಿ, ಬ್ಯಾಂಕುಗಳು ಮುಳುಗಿದ ಸಮಯದಲ್ಲಿ, ತೀರಾ ಹಿಂದೆ ಬಿದ್ದ ಶಾಲೆಗಳಿಗೆ ಅಂತಲೇ 300 ಕೋಟಿ ಡಾಲರ್ ಎತ್ತಿಟ್ಟರು. ಒಂದು ಶಾಲೆಗೆ ವರ್ಷಕ್ಕೆ 20 ಲಕ್ಷ ಡಾಲರ್‌ವರೆಗೆ, ಮೂರು ವರ್ಷ. ಬರಿಗೈಲಿ ಕೊಡಲಿಲ್ಲ, ಷರತ್ತು ಹಾಕಿದರು. ಹೆಡ್‌ಮಾಸ್ಟರನ್ನು ಬದಲಾಯಿಸಿ ಪಾಠದ ರೀತಿಯನ್ನು ತಿದ್ದಬೇಕು, ಇಲ್ಲವೇ ಮೇಷ್ಟ್ರುಗಳಲ್ಲಿ ಅರ್ಧ ಜನರನ್ನೂ ಬದಲಾಯಿಸಬೇಕು, ಇಲ್ಲವೇ ಶಾಲೆಯನ್ನು ಬೇರೆ ಸಂಸ್ಥೆಗೆ ವಹಿಸಬೇಕು, ಇಲ್ಲವೇ ಮುಚ್ಚಬೇಕು. ನಾಲ್ಕರಲ್ಲಿ ಒಂದು ಆರಿಸಿಕೊಳ್ಳಿ ಅಂದರು. 2017ರ ಜನವರಿಯಲ್ಲಿ ಅವರ ಸರ್ಕಾರವೇ ಮಾಡಿಸಿದ ಪರಿಶೀಲನೆ ಹೊರಗೆ ಬಂತು. ಲೆಕ್ಕದ ಅಂಕದಲ್ಲಾಗಲಿ, ಓದಿನ ಅಂಕದಲ್ಲಾಗಲಿ, ಪಾಸಾಗಿ ಕಾಲೇಜು ಸೇರುವುದರಲ್ಲಾಗಲಿ, ದುಡ್ಡು ಬಂದ ಶಾಲೆಗೂ ಬಾರದ ಶಾಲೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಅಂತ ಬರೆದಿದ್ದರು. ಆದರೆ ಕ್ಯಾಲಿಫೋರ್ನಿಯಾ ರಾಜ್ಯದ ಶಾಲೆಗಳನ್ನು ಪ್ರತ್ಯೇಕವಾಗಿ ನೋಡಿದ ವಿದ್ವಾಂಸರಿಗೆ ಸುಧಾರಣೆ ಕಂಡಿತ್ತು. ಅಂದರೆ ದುಡ್ಡು ದಂಡ ಅಂತಲೂ ಹೇಳುವ ಹಾಗಿಲ್ಲ, ದುಡ್ಡೇ ಸಾಕು ಅಂತಲೂ ಹೇಳುವ ಹಾಗಿಲ್ಲ. ಅದನ್ನು ಹಿಡಿದು ಕೆಲಸ ಮಾಡುವವರು ಯಾರು ಎಂಬುದರ ಮೇಲೆ ನಿಂತಿದೆ ಅಂತ ನನ್ನ ಅಭಿಪ್ರಾಯ.

ಅಷ್ಟು ದೂರ ಯಾಕೆ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ನೋಡಿ. ಕಾಡಂಚಿನ ತಾಲ್ಲೂಕು. ಅಲ್ಲಿ 1995ರಲ್ಲಿ ನಲಿ-ಕಲಿ ಶುರುವಾಯಿತು. ಯೂನಿಸೆಫ್‌ನವರ ಸಹಾಯ ಇತ್ತು ನಿಜ, ಆದರೆ ಕಾರ್ಡು ಬರೆದವರು, ಹಾಡು ಕಟ್ಟಿದವರು, ಮಕ್ಕಳನ್ನು ನೆಲದ ಮೇಲೆ ಗುಂಪು ಕೂರಿಸಿ ಕಲಿಸಿದವರು ಅದೇ ತಾಲ್ಲೂಕಿನ ಸರ್ಕಾರಿ ಮೇಷ್ಟ್ರುಗಳು. ಹದಿನಾಲ್ಕು ಹದಿನೈದು ವರ್ಷದ ಮೇಲೆ ಅದು ಇಡೀ ರಾಜ್ಯಕ್ಕೆ ಬಂತು, ನಮ್ಮ ಊರಿಗೂ ಬಂತು.

ಇನ್ನು ಹೈಸ್ಕೂಲಿನ ವಿಷಯ. 2023ರಲ್ಲಿ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ನೂರಕ್ಕೆ 83.89. 2024ರಲ್ಲಿ 73.40. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಬಂದದ್ದು ಅಷ್ಟು. ಉಡುಪಿ 94, ಯಾದಗಿರಿ 50ರ ಆಸುಪಾಸು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೇ? ಲ್ಯಾಕ್ಟೋಮೀಟರ್ ಬಂದ ದಿನ ನಮ್ಮ ಸಂಘದಲ್ಲೂ ಹೀಗೇ ಆಯಿತಲ್ಲ, ಹಿರಿಯರಿಗೆ ನೆನಪಿರಬೇಕು. ನೀರು ಮೊದಲೂ ಇತ್ತು, ಆ ದಿನ ಕಾಣಿಸಿತು. (ಯಾರ ಕ್ಯಾನು ಅಂತ ಈಗ ಹೇಳುವುದಿಲ್ಲ, ಅವರೂ ಇಲ್ಲೇ ಕೂತಿದ್ದಾರೆ.) ಆಮೇಲೆ ನಾವು ಏನು ಮಾಡಿದೆವು? ಡಿಗ್ರಿ ಕಡಿಮೆ ಬಂದವರನ್ನು ಸಂಘದಿಂದ ಓಡಿಸಲಿಲ್ಲ. ಹಸಿರು ಮೇವು ಹಾಕಿ, ಖನಿಜ ಮಿಶ್ರಣ ಕೊಡಿ ಅಂತ ಮನೆ ಮನೆಗೆ ಹೋಗಿ ಹೇಳಿದೆವು. ಹತ್ತನೇ ತರಗತಿಯಲ್ಲಿ ಫೇಲಾಗುವ ಮಗು ಮೂರನೇ ತರಗತಿಯಲ್ಲಿಯೇ ಕನ್ನಡ ಓದಲು ಬಾರದೆ ಹಿಂದೆ ಉಳಿದಿರುತ್ತದೆ. ಅಂದರೆ ಆ ಮಗು ನಮ್ಮ ಊರಿನ ಶಾಲೆಯಲ್ಲಿ, ನಮ್ಮ ಕಣ್ಣ ಮುಂದೆಯೇ ಇರುತ್ತದೆ.

ಈಗ ಕಾನೂನಿನ ಒಂದು ಮಾತು, ಸ್ವಲ್ಪ ಗಮನ ಕೊಡಿ. ಡಾ. ರಾಜಾರಾಮಣ್ಣನವರ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ., ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಇಂಥ ಸಮಿತಿಗೆ ಇನ್ನೂ ಬಲ ಬಂತು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಂದಿರೇ ಇರಬೇಕು, ಒಟ್ಟಿನಲ್ಲಿ ಅರ್ಧ ಜನ ಹೆಂಗಸರು ಇರಬೇಕು. ಸರ್ಕಾರದಿಂದ ಬಂದ ಅನುದಾನ ಹೇಗೆ ಖರ್ಚಾಯಿತು ಅಂತ ನೋಡುವುದು ಸಮಿತಿಯ ಕೆಲಸ. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದೂ ಅದರದೇ ಕೆಲಸ. ಆ ಯೋಜನೆಯೇ ಮುಂದಿನ ಅನುದಾನಕ್ಕೆ ಆಧಾರ ಅಂತ ಕಾಯ್ದೆಯ 22ನೇ ಕಲಮಿನಲ್ಲಿ ಇದೆ. ನಾವು ಏನು ಮಾಡುತ್ತಿದ್ದೇವೆ? ಆಗಸ್ಟ್ 15ಕ್ಕೆ ಧ್ವಜಕ್ಕೆ ಹೂ ಹಾಕಿ, ಮಿಠಾಯಿ ತಿಂದು, ಮನೆಗೆ ಬಂದ ಪುಸ್ತಕಕ್ಕೆ ರುಜು ಹಾಕುತ್ತೇವೆ. ಸಂಘದ ಆಡಿಟ್ ವರದಿಯಲ್ಲಿ ಹಿಂಡಿ ಮೂಟೆ ಒಂದು ಕಡಿಮೆ ಬಿದ್ದರೆ ಮೈಕು ಕಿತ್ತುಕೊಂಡು ಕೇಳುವ ಗಂಡಸರು, ಶಾಲೆಯ 25 ಸಾವಿರ ಯಾವುದಕ್ಕೆ ಹೋಯಿತು ಅಂತ ಒಂದು ದಿನ ಕೇಳಿದ್ದುಂಟೇ? ಕೇಳಿದರೆ ನಮ್ಮ ಮುಖ್ಯೋಪಾಧ್ಯಾಯರು ಬೇಸರ ಮಾಡಿಕೊಳ್ಳುವವರಲ್ಲ. ದುಡ್ಡು ತಡವಾಗಿ ಬರುತ್ತೆ, ಬಂದ ಮೇಲೆ ಮಾರ್ಚಿ ಕೊನೆಯೊಳಗೆ ಓಚರ್ ಕಳಿಸಿ ಅಂತಾರೆ, ಅವಸರದಲ್ಲಿ ಏನು ಕೊಳ್ಳುವುದು ಅಂತ ಅವರೇ ನನ್ನ ಹತ್ತಿರ ಹೇಳಿದ್ದಾರೆ. ಜೂನ್‌ನಲ್ಲೇ ಯೋಜನೆ ಬರೆದಿಟ್ಟಿದ್ದರೆ ಮಾರ್ಚಿಯಲ್ಲಿ ಈ ಪರದಾಟ ಇರುವುದಿಲ್ಲ.

ಶಾಲೆಗೂ ಸಂಘಕ್ಕೂ ಏನು ಸಂಬಂಧ ಅನ್ನುವವರಿಗೆ ಒಂದು ಮಾತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು. ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ. ಹಾಲು ಹೆಚ್ಚಾಗಿ ಒಕ್ಕೂಟದವರು ಏನು ಮಾಡುವುದು ಅಂತ ಕೂತಿದ್ದಾಗ, ಅದೇ ಹಾಲು ಪುಡಿಯಾಗಿ ಶಾಲೆಗಳಿಗೆ ಹೋಯಿತು. ಮಗುವಿಗೆ ಒಂದು ಲೋಟ, 150 ಮಿಲಿ. ಶಾಲೆಯ ಮಕ್ಕಳು ಕುಡಿದಿದ್ದರಿಂದ ನಮ್ಮ ಹಾಲಿಗೆ ದಾರಿ ಆಯಿತು. ಋಣ ಯಾರ ಕಡೆಗಿದೆ ಅಂತ ನೀವೇ ಲೆಕ್ಕ ಹಾಕಿ.

ಆದ್ದರಿಂದ ನನ್ನ ಸೂಚನೆ ಇಷ್ಟು. ಟಿ.ವಿ. ಬೇಡ. ಅದು ಒಂದು ಸಿಡಿಲಿಗೆ ಹೋಗುತ್ತೆ, ರಿಪೇರಿಗೆ ತುಮಕೂರಿನವರೆಗೆ ಹೊರಬೇಕು. ಅದೇ ದುಡ್ಡನ್ನು ಕಾಯ್ದೆ ಪ್ರಕಾರ ಯಾವ ನಿಧಿಯಿಂದ ತೆಗೆಯಬಹುದು ಅಂತ ಲೆಕ್ಕಪರಿಶೋಧಕರನ್ನು ಕೇಳಿ, ಎರಡು ವರ್ಷ ಸಂಜೆ ಪಾಠಕ್ಕೆ ಇಡೋಣ. ಡಿ.ಎಡ್. ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ನಮ್ಮ ಊರಲ್ಲೇ ಇದ್ದಾರೆ. ಅವರಲ್ಲಿ ಒಬ್ಬರಿಗೆ ಗೌರವಧನ ಕೊಟ್ಟು, ಓದಲು ಬರೆಯಲು ಹಿಂದಿರುವ ಮಕ್ಕಳನ್ನು ಸಂಜೆ ಒಂದು ಗಂಟೆ ಡೈರಿ ಪಕ್ಕದ ಕೊಠಡಿಯಲ್ಲಿ ಕೂರಿಸೋಣ. ಯಾವ ಮಗು ಎಲ್ಲಿ ಹಿಂದಿದೆ ಅಂತ ಮೇಷ್ಟ್ರುಗಳು ಪಟ್ಟಿ ಮಾಡಿಕೊಡಲಿ, ಆರು ತಿಂಗಳಿಗೊಮ್ಮೆ ಮತ್ತೆ ಓದಿಸಿ ನೋಡಲಿ. ಎಸ್.ಡಿ.ಎಂ.ಸಿ. ಸಭೆಗೆ ಸಂಘದಿಂದ ಇಬ್ಬರು ಹೋಗಿ, ಲೆಕ್ಕ ಬರೆಯಲು, ಯೋಜನೆ ಬರೆಯಲು ಕೈಜೋಡಿಸಲಿ. ಅದರಲ್ಲಿ ಒಬ್ಬರು ಮಹಿಳಾ ಸದಸ್ಯರಾದರೆ ಒಳ್ಳೆಯದು, ನಮ್ಮ ಗಂಡಸರು ಎರಡನೇ ಸಭೆಗೆ ಬರುವುದಿಲ್ಲ.

ಮಕ್ಕಳನ್ನು ವ್ಯಾನಿಗೆ ಹತ್ತಿಸುತ್ತಿರುವ ಮನೆಯವರನ್ನು ನಾನು ಬೈಯುವುದಿಲ್ಲ. ಅವರಿಗೂ ಮಗು ಮುಂದೆ ಬರಲಿ ಅಂತಲೇ ಆಸೆ, ಸಾಲ ಮಾಡಿ ಫೀಸು ಕಟ್ಟುತ್ತಿದ್ದಾರೆ. ಒಂದು ವರ್ಷ ಸಂಜೆ ಪಾಠ ನೋಡಿ ಆಮೇಲೆ ತೀರ್ಮಾನ ಮಾಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಇದನ್ನು ಠರಾವಿಗೆ ಇಟ್ಟಿದ್ದೇನೆ. ಅನುಮೋದಿಸುವವರು ಕೈ ಎತ್ತಬೇಕು. ಕಮಾನು ಬೇಕು ಅನ್ನುವವರೂ ಎತ್ತಬಹುದು, ಕಾರ್ಯದರ್ಶಿಗಳು ಎರಡನ್ನೂ ಎಣಿಸಿ ನಡಾವಳಿ ಪುಸ್ತಕದಲ್ಲಿ ಬರೆಯುತ್ತಾರೆ. ಸಂಜೆ ಹಾಲು ಕರೆಯುವ ಹೊತ್ತಾಯಿತು, ಟೆಸ್ಟರ್ ಹುಡುಗ ಆಗಲೇ ಎದ್ದು ನಿಂತಿದ್ದಾನೆ.